ನೀವು ಕಳಿಸಿದ್ದು ಒಂದಲ್ಲ, ಎರಡು ಕಾದಂಬರಿ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ನಿಮ್ಮ ಹಸ್ತಪ್ರತಿ ಓದಿ ಮುಗಿಸಿದೆ. ತಡವಾಯಿತು, ಕ್ಷಮಿಸಿ. ಮೊದಲು ನೀವು ಕಾಯುತ್ತಿರುವ ಉತ್ತರ ಹೇಳಿಬಿಡುತ್ತೇನೆ: ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಎರಡು ಸಾಲಿನ ವಿಷಾದ ಪತ್ರ ಹಾಕಿ ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಹಾಗಾಗಿ ಈ ಉದ್ದನೆಯ ಕಾಗದ. ಕೆಲವು ಮಾತು ಒರಟಾಗಿ ಕೇಳಬಹುದು.

ಕಥೆ ನನಗೆ ಸರಿಯಾಗಿ ಅರ್ಥವಾಗಿದೆಯಾ ನೋಡಿ. ವರ್ಷ 1586. ಇಂಗ್ಲೆಂಡಿನಲ್ಲಿ ಒಂದನೇ ಎಲಿಜಬೆತ್ ಆಳುತ್ತಿದ್ದಾಳೆ. ಅವಳ ರಕ್ತಸಂಬಂಧಿ, ಸ್ಕಾಟ್ಲೆಂಡಿನ ಸಿಂಹಾಸನ ಕಳೆದುಕೊಂಡ ಮೇರಿ, 18 ವರ್ಷದಿಂದ ಅವಳ ಸೆರೆಯಲ್ಲಿದ್ದಾಳೆ. ಆಂಟನಿ ಬ್ಯಾಬಿಂಗ್ಟನ್ ಎಂಬ ಶ್ರೀಮಂತ ಹುಡುಗ ಗೆಳೆಯರನ್ನು ಕಟ್ಟಿಕೊಂಡು ಎಲಿಜಬೆತ್‌ಳನ್ನು ಕೊಲ್ಲುವ, ಮೇರಿಯನ್ನು ಪಟ್ಟಕ್ಕೇರಿಸುವ ಸಂಚು ಹೂಡುತ್ತಾನೆ. ಅವರ ಕಾಗದಗಳನ್ನೆಲ್ಲ ರಾಣಿಯ ಕಾರ್ಯದರ್ಶಿ ಫ್ರಾನ್ಸಿಸ್ ವಾಲ್ಸಿಂಗ್‌ಹ್ಯಾಮ್ ಲಂಡನ್ನಿನಲ್ಲಿ ಕೂತು ಓದುತ್ತಿರುತ್ತಾನೆ. ಇದು ಇತಿಹಾಸ. ಇದರೊಳಗೆ ನೀವು ಇಬ್ಬರನ್ನು ತಂದಿದ್ದೀರಿ. ಎಲಿಜಬೆತ್‌ಳ ಸಖಿ ಜೆಸ್ಸಿಕಾ, ಮತ್ತು ಅವಳು ಪ್ರೀತಿಸುವ ಹುಡುಗ, ವಾಲ್ಸಿಂಗ್‌ಹ್ಯಾಮ್‌ನ ಬೇಹುಗಾರ.

ನನ್ನ ಮುಖ್ಯ ತಕರಾರು ಇಲ್ಲೇ ಇದೆ. ನಿಮ್ಮ ಬೆಸ ಅಧ್ಯಾಯಗಳಲ್ಲಿ ಪ್ರೀತಿ, ಸಮ ಅಧ್ಯಾಯಗಳಲ್ಲಿ ಬೇಹುಗಾರಿಕೆ. ಪರೀಕ್ಷೆ ಮಾಡಲೆಂದೇ ಬೆಸ ಅಧ್ಯಾಯ ಮಾತ್ರ ಒಂದೇ ಓಟದಲ್ಲಿ ಓದಿದೆ. ಎಲ್ಲೂ ತಡವರಿಸಲಿಲ್ಲ. ಆಮೇಲೆ ಸಮ ಅಧ್ಯಾಯ ಓದಿದೆ. ಅದೂ ಹಾಗೇ ಸಲೀಸಾಗಿ ಹೋಯಿತು. ಅಂದರೆ ಒಂದಕ್ಕೆ ಇನ್ನೊಂದು ಬೇಕಾಗಿಯೇ ಇಲ್ಲ. ನಿಮ್ಮ ನಾಯಕ ಹಗಲು ಕಾಗದ ಕದಿಯುತ್ತಾನೆ, ಸಂಜೆ ತೋಟದಲ್ಲಿ ಕವಿತೆ ಓದುತ್ತಾನೆ. ಕಚೇರಿಯಿಂದ ಮನೆಗೆ ಬಂದು ಅಂಗಿ ಬದಲಾಯಿಸಿದ ಹಾಗೆ.

ಆ ಆಸ್ಥಾನದಲ್ಲಿ ಅಂಗಿ ಬದಲಾಯಿಸಲು ಆಗುತ್ತಿರಲಿಲ್ಲ. ನಿಮ್ಮ ಕಥೆಗೆ ಇತಿಹಾಸ ಕೊಟ್ಟ ದೊಡ್ಡ ಉಡುಗೊರೆಯೇ ಅದು, ನೀವು ಬಿಚ್ಚಿ ನೋಡಿಲ್ಲ ಅಷ್ಟೆ. ರಾಣಿಯ ಸಖಿಯರು ರಾಣಿಯ ಒಪ್ಪಿಗೆ ಇಲ್ಲದೆ ಮದುವೆಯಾಗುವ ಹಾಗಿರಲಿಲ್ಲ. ಕ್ಯಾಥರಿನ್ ಗ್ರೇ ಕಥೆ ಹುಡುಕಿ ಓದಿ. ಅವಳಿಗೆ ಸಿಂಹಾಸನದ ಮೇಲೆ ಹಕ್ಕಿತ್ತು. 1560ರಲ್ಲಿ ಎಡ್ವರ್ಡ್ ಸೀಮರ್‌ನನ್ನು ಗುಟ್ಟಾಗಿ ಮದುವೆಯಾದಳು. ಸಾಕ್ಷಿ ಇದ್ದದ್ದು ಗಂಡನ ತಂಗಿ ಒಬ್ಬಳೇ. ಅವಳು ಮರುವರ್ಷ ತೀರಿಕೊಂಡಳು. ಮದುವೆ ಮಾಡಿಸಿದ ಪಾದ್ರಿ ಆಗ ಸಿಗಲೇ ಇಲ್ಲ. ಕ್ಯಾಥರಿನ್ ಬಸುರಿ ಎಂದು ಗೊತ್ತಾದಾಗ ಗಂಡ ಹೆಂಡತಿ ಇಬ್ಬರನ್ನೂ ಟವರ್ ಆಫ್ ಲಂಡನ್ ಸೆರೆಮನೆಗೆ ಹಾಕಿದರು. ಮಗು ಹುಟ್ಟಿದ್ದೂ ಅಲ್ಲೇ. ಮದುವೆ ಮದುವೆಯೇ ಅಲ್ಲ ಎಂದು ತೀರ್ಪಾಯಿತು. 1568ರಲ್ಲಿ ಸತ್ತಾಗಲೂ ಅವಳು ಬಂಧನದಲ್ಲೇ ಇದ್ದಳು. ವಾಲ್ಟರ್ ರ‍್ಯಾಲೆ ರಾಣಿಯ ಅಚ್ಚುಮೆಚ್ಚಿನವನು, ಅಷ್ಟು ದೊಡ್ಡ ಮನುಷ್ಯ. ರಾಣಿಯ ಸಖಿ ಬೆಸ್ ಥ್ರಾಕ್‌ಮಾರ್ಟನ್‌ಳನ್ನು ಗುಟ್ಟಾಗಿ ಮದುವೆಯಾದದ್ದಕ್ಕೆ 1592ರಲ್ಲಿ ಅವನಿಗೂ ಅವಳಿಗೂ ಟವರೇ ಗತಿಯಾಯಿತು.

ಇದನ್ನು ಓದಿದ ಮೇಲೆ ನಿಮ್ಮ ಏಳನೇ ಅಧ್ಯಾಯ ನೋಡಿ. ಜೆಸ್ಸಿಕಾ ಸಖಿಯರ ನಡುವೆ ಕೂತು ತನ್ನ ಪ್ರೇಮದ ಬಗ್ಗೆ ಕಿಲಕಿಲ ನಗುತ್ತಾ ಹೇಳಿಕೊಳ್ಳುತ್ತಾಳೆ. ಹಾಸ್ಟೆಲ್ ರೂಮಿನಲ್ಲಿ ನಡೆಯುವ ಮಾತು ಇದು. ಅಲ್ಲಿ ಪ್ರೀತಿಯನ್ನು ಸಂಚಿನಷ್ಟೇ ಜೋಪಾನವಾಗಿ ಮುಚ್ಚಿಡಬೇಕಿತ್ತು. ನಿಮ್ಮ ಬೇಹುಗಾರ ಊರಿನವರ ಕಾಗದ ಕದ್ದು ಓದುವವನು. ಒಂದು ದಿನ ಅವನ ಮೇಜಿಗೆ ಬೇರೆ ಯಾರೋ ಕದ್ದು ತಂದ ಜೆಸ್ಸಿಕಾಳ ಕಾಗದವೇ ಬಂದರೆ? ಅದು ಅವನಿಗೇ ಬರೆದದ್ದಾದರೆ? ಒಡೆಯನಿಗೆ ತೋರಿಸಿದರೆ ಪ್ರೇಯಸಿ ಟವರಿಗೆ. ಸುಟ್ಟರೆ ಇವನೇ ದ್ರೋಹಿ. 340 ಪುಟಗಳಲ್ಲಿ ಇಂಥ ಒಂದು ಇಕ್ಕಟ್ಟಿಗೂ ನೀವು ಅವನನ್ನು ಸಿಕ್ಕಿಸಿಲ್ಲ. ಪಾತ್ರಗಳ ಮೇಲೆ ಜಾಸ್ತಿ ಕರುಣೆ ನಿಮಗೆ.

ಈಗ ಸಣ್ಣಪುಟ್ಟ ತಪ್ಪುಗಳು. ಇವು ಸುಲಭ, ಬೇಗ ಮುಗಿಸುತ್ತೇನೆ. ರಾಣಿ ಬೆಳಗ್ಗೆ ಚಹಾ ಕುಡಿಯುವುದಿಲ್ಲ. ಚಹಾ ಇಂಗ್ಲೆಂಡಿಗೆ ಬಂದದ್ದು ಮುಂದಿನ ಶತಮಾನದಲ್ಲಿ. ಬೆಳಗ್ಗೆಯೂ ಕುಡಿಯುತ್ತಿದ್ದದ್ದು ಬಿಯರ್, ಏಲ್. ಜೆಸ್ಸಿಕಾ ಎಂಬ ಹೆಸರು ಈ ರೂಪದಲ್ಲಿ ಮೊದಲು ಕಾಣುವುದು ಶೇಕ್ಸ್‌ಪಿಯರ್‌ನ ನಾಟಕದಲ್ಲಿ, ಅದೂ 1590ರ ದಶಕದಲ್ಲಿ. ಆನ್, ಮಾರ್ಗರೆಟ್, ಕ್ಯಾಥರಿನ್ ಅಂತ ಏನಾದರೂ ಇಡಿ. ಆ ಕಾಲದ ಕಾಗದಗಳಿಗೆ ಲಕೋಟೆ ಇರಲಿಲ್ಲ. ಹಾಳೆಯನ್ನೇ ಮಡಚಿ, ಅದರ ಅಂಚಿನಿಂದ ಒಂದು ಪಟ್ಟಿ ಕತ್ತರಿಸಿ, ಸೀಳಿನೊಳಗೆ ತೂರಿಸಿ ಬಿಗಿದು, ಅರಗಿನ ಮುದ್ರೆ ಹಾಕುತ್ತಿದ್ದರು. ಹರಿಯದೆ ಬಿಚ್ಚಲು ಆಗಬಾರದು, ಅದೇ ಬೀಗ. ಗುರುತು ಸಿಗದ ಹಾಗೆ ಮುದ್ರೆ ಎಬ್ಬಿಸಿ ಮತ್ತೆ ಕೂರಿಸಲೆಂದೇ ವಾಲ್ಸಿಂಗ್‌ಹ್ಯಾಮ್ ಬಳಿ ಆರ್ಥರ್ ಗ್ರೆಗರಿ ಎಂಬವನಿದ್ದ. ನೀವು 'ಲಕೋಟೆ ಹರಿದಳು' ಎಂದು ಎರಡೇ ಪದದಲ್ಲಿ ಮುಗಿಸಿದ ಜಾಗದಲ್ಲಿ ಮೂರು ಪುಟದ ದೃಶ್ಯ ಇದೆ.

ತಾರೀಖಿನದು ಇನ್ನೊಂದು ಮಜಾ. ಫ್ರಾನ್ಸ್ 1582ರಲ್ಲಿ ಹೊಸ ಕ್ಯಾಲೆಂಡರಿಗೆ ಹೋಯಿತು. ಇಂಗ್ಲೆಂಡ್ 1752ರವರೆಗೂ ಹಳೆಯದನ್ನೇ ಹಿಡಿದುಕೊಂಡಿತ್ತು. ಮಧ್ಯೆ ಹತ್ತು ದಿನದ ವ್ಯತ್ಯಾಸ. ಪ್ಯಾರಿಸ್‌ನಲ್ಲಿ 20ನೇ ತಾರೀಖು ಬರೆದ ಕಾಗದ ಲಂಡನ್ನಿಗೆ 17ಕ್ಕೆ ತಲುಪಬಹುದು! ಸುಳ್ಳು ಹೇಳುವವರು ಸಿಕ್ಕಿಬೀಳಲು ಇದಕ್ಕಿಂತ ಒಳ್ಳೆಯ ದಾರಿ ಬೇಕಾ?

ಸಂಕೇತ ಲಿಪಿ ಒಡೆಯುವ ಭಾಗ ಮಾತ್ರ ಪೂರ್ತಿ ಬದಲಾಗಬೇಕು. ಜೆಸ್ಸಿಕಾ ಕಣ್ಣು ಮುಚ್ಚುತ್ತಾಳೆ, ಅಕ್ಷರಗಳು 'ತಾವಾಗಿಯೇ ಹೊಳೆಯುತ್ತವೆ'. ದಯವಿಟ್ಟು ಬೇಡ. ಬ್ಯಾಬಿಂಗ್ಟನ್ ಬಳಸಿದ ಲಿಪಿಯಲ್ಲಿ 23 ಅಕ್ಷರಗಳಿಗೆ ಒಂದೊಂದು ಚಿಹ್ನೆ, ಪದೇ ಪದೇ ಬರುವ ಪದಗಳಿಗೆ ಬೇರೆ ಚಿಹ್ನೆ, ಓದುವವರ ದಾರಿ ತಪ್ಪಿಸಲು ಅರ್ಥವೇ ಇಲ್ಲದ ನಾಲ್ಕು ಚಿಹ್ನೆ. ಇಂಥದನ್ನು ಒಡೆಯುವುದು ಎಣಿಸಿ ಎಣಿಸಿ. ಯಾವ ಚಿಹ್ನೆ ಎಷ್ಟು ಸಲ ಬಂತು, ಯಾವುದರ ಪಕ್ಕ ಯಾವುದು ಕೂತಿದೆ, ಗಿರಾಕಿಯ ಲೆಕ್ಕ ಬರೆಯುವ ಶೆಟ್ಟರ ತಾಳ್ಮೆ ಬೇಕು. ಆ ಕೆಲಸ ಮಾಡಿದವನು ಥಾಮಸ್ ಫೆಲಿಪ್ಸ್. ಅವನು ಹೇಗಿದ್ದ ಎಂದು ಸ್ವತಃ ಮೇರಿಯೇ ಒಂದು ಕಾಗದದಲ್ಲಿ ಬರೆದಿದ್ದಾಳೆ: ಕುಳ್ಳ, ಸಣಕಲು ಮೈ, ಹಳದಿ ಕೂದಲು, ಮುಖದ ತುಂಬ ಸಿಡುಬಿನ ಕಲೆ, ದೃಷ್ಟಿ ಮಂದ. ನಿಮ್ಮ ಬೇಹುಗಾರರೆಲ್ಲ ಆರಡಿ ಎತ್ತರ, ಚೂಪು ಮೂಗು. ಸಂತೆಯಲ್ಲಿ ಎಲ್ಲರೂ ತಿರುಗಿ ನೋಡುವಂಥ ಮನುಷ್ಯ ಬೇಹುಗಾರಿಕೆಗೆ ಹೇಗೆ ಬಂದ ಮಾರಾಯ್ರೇ?

ಜುಲೈ 1586ರಲ್ಲಿ ಈ ಫೆಲಿಪ್ಸ್ ಮೇರಿ ಇದ್ದ ಚಾರ್ಟ್ಲಿಗೇ ಹೋಗಿ ಕೂತ. ಒಂದು ದಿನ ಅವಳ ಗಾಡಿ ಇವನ ಎದುರಿಗೇ ಹಾದುಹೋಯಿತು. ಅವಳ ಕಾಗದಗಳೆಲ್ಲ ಇವನ ಕೈಯಲ್ಲಿದ್ದವು. ಅವಳು ಬ್ಯಾಬಿಂಗ್ಟನ್‌ಗೆ ಬರೆದ 17 ಜುಲೈ ಕಾಗದವನ್ನು ಒಡೆದು ಬರೆದು, ಲಂಡನ್ನಿಗೆ ಕಳಿಸುವಾಗ ಮೇಲೆ ಒಂದು ಗಲ್ಲುಗಂಬದ ಚಿತ್ರ ಬಿಡಿಸಿದ. ಮೂಲ ಕಾಗದದ ಕೊನೆಗೆ, ಕೊಲ್ಲಲು ಹೊರಟ ಆರು ಜನರ ಹೆಸರು ಕೇಳುವ ಸಾಲುಗಳನ್ನು ಅದೇ ಲಿಪಿಯಲ್ಲಿ ಸೇರಿಸಿದ. ಇಷ್ಟು ಇದ್ದೂ ನೀವು ಕತ್ತಿವರಸೆ ಬರೆದಿದ್ದೀರಲ್ಲ!

ನಿಮ್ಮ ಹಸ್ತಪ್ರತಿಯಲ್ಲಿ ನಾನು ಎರಡು ಸಲ ಓದಿದ್ದು ಮೂರೇ ಪುಟ. ಬರ್ಟನ್ನಿನ ಬಿಯರ್ ವ್ಯಾಪಾರಿಯದು. ಪೀಪಾಯಿಯ ಬಿರಡೆಯಲ್ಲಿ ಕಾಗದ ಅಡಗಿಸಿ ಮೇರಿಗೆ ಸಾಗಿಸುವವನು. ಮೇರಿಯ ಕಡೆಯಿಂದಲೂ ದುಡ್ಡು ತೆಗೆದುಕೊಂಡ, ಅವಳನ್ನು ಕಾಯುತ್ತಿದ್ದ ಅಮಿಯಾಸ್ ಪಾಲೆಟ್‌ನಿಂದಲೂ ತೆಗೆದುಕೊಂಡ. ಅದೂ ಸಾಲದೆ ಬಿಯರ್ ಬೆಲೆ ಏರಿಸಿ ಎಂದು ಪಟ್ಟು ಹಿಡಿದ. ಪಾಲೆಟ್ ಮತ್ತು ಅವನ ಕಡೆಯವರು ಕಾಗದಗಳಲ್ಲಿ ಇವನನ್ನು 'ಪ್ರಾಮಾಣಿಕ ಮನುಷ್ಯ' ಎಂದೇ ಕರೆದರು. ಅವನು ನಾಣ್ಯ ಎಣಿಸುವಾಗ ಹೆಬ್ಬೆರಳಿಗೆ ಅಂಟಿದ ನೊರೆಯನ್ನು ಪ್ಯಾಂಟಿಗೆ ಒರೆಸಿಕೊಳ್ಳುವ ನಿಮ್ಮ ಸಾಲು ಚೆನ್ನಾಗಿದೆ. (ಪ್ಯಾಂಟು ಬೇಡ, ಮುಂಬಟ್ಟೆ ಅನ್ನಿ.) ಆ ಮೂರು ಪುಟದಲ್ಲಿ ನೀವು ಯಾರನ್ನೂ ಮೆಚ್ಚಿಸಲು ಬರೆದಿಲ್ಲ. ಅದಕ್ಕೇ ಅವು ನಿಂತಿವೆ.

ಇನ್ನು ಊರಿನ ಸಮಸ್ಯೆ. ಜೆಸ್ಸಿಕಾ ಇರುವುದು ಲಂಡನ್ನಿನಲ್ಲಿ, ಪೀಪಾಯಿ ಉರುಳುವುದು ಸ್ಟಾಫರ್ಡ್‌ಶೈರ್‌ನ ಚಾರ್ಟ್ಲಿಯಲ್ಲಿ. ಇನ್ನೂರು ಕಿಲೋಮೀಟರ್ ದೂರ. ನಿಮ್ಮವಳು ರಾತ್ರಿ ಕುದುರೆ ಹತ್ತಿ, ಅಲ್ಲಿ ಕೆಲಸ ಮುಗಿಸಿ, ಬೆಳಗ್ಗೆ ರಾಣಿಯ ತಲೆ ಬಾಚಲು ಹಾಜರ್. ಅವಳನ್ನು ಚಾರ್ಟ್ಲಿಯಲ್ಲೇ ಇಡಿ. ಪಾಲೆಟ್‌ಗೆ ಮೇರಿಯ ಬಟ್ಟೆ ಒಗೆಯುವ ಹೆಂಗಸರ ಮೇಲೆ ವಿಪರೀತ ಅನುಮಾನವಿತ್ತು. ಸಖಿಗಿಂತ ಅಗಸಗಿತ್ತಿ ಒಳ್ಳೆಯ ನಾಯಕಿಯಾಗುತ್ತಾಳೆ.

ಅಥವಾ ನಿಜವಾಗಿ ಅಲ್ಲಿದ್ದವರನ್ನೇ ನೋಡಿ. ಮೇರಿಗೆ ಇಬ್ಬರು ಕಾರ್ಯದರ್ಶಿಗಳು. ಕ್ಲಾಡ್ ನೌ ಫ್ರೆಂಚ್‌ನಲ್ಲಿ ಕರಡು ಬರೆಯುತ್ತಿದ್ದ. ಗಿಲ್ಬರ್ಟ್ ಕರ್ಲ್ ಅದನ್ನು ಇಂಗ್ಲಿಷಿಗೆ ತಂದು ಸಂಕೇತ ಲಿಪಿಗೆ ಇಳಿಸುತ್ತಿದ್ದ. ಈ ಕರ್ಲ್ 1585ರಲ್ಲಿ ಮೇರಿಯ ಸೇವೆಯಲ್ಲಿದ್ದ ಬಾರ್ಬರಾ ಮೌಬ್ರೆಯನ್ನು ಮದುವೆಯಾದ. ಸೆರೆಮನೆಯಂಥ ಮನೆಯಲ್ಲಿ ಸಂಸಾರ. ಆಗಸ್ಟ್ 1586ರಲ್ಲಿ ಬೇಟೆಗೆಂದು ಮೇರಿಯನ್ನು ಹೊರಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಕುದುರೆ ಸವಾರರು ಅಡ್ಡ ಬಂದರು. ಇಬ್ಬರೂ ಕಾರ್ಯದರ್ಶಿಗಳನ್ನು ಹಿಡಿದು ಲಂಡನ್ನಿಗೆ ಸಾಗಿಸಿದರು. ಮೇರಿಯನ್ನು ಟಿಕ್ಸಾಲ್ ಎಂಬಲ್ಲಿ ಎರಡು ವಾರ ಇಟ್ಟುಕೊಂಡು ಚಾರ್ಟ್ಲಿಯ ಕೋಣೆಗಳನ್ನು ಜಾಲಾಡಿದರು. ಅವಳು ತಿರುಗಿ ಬಂದಾಗ ಬಾರ್ಬರಾಗೆ ಹೆಣ್ಣು ಮಗು ಹುಟ್ಟಿತ್ತು. ಗಂಡ ಸೆರೆಯಲ್ಲಿ. ಮಗುವಿಗೆ ದೀಕ್ಷಾಸ್ನಾನ ಮಾಡಿಸಲು ಪಾಲೆಟ್ ತನ್ನ ಪಾದ್ರಿಯನ್ನು ಕೊಡಲಿಲ್ಲ. ಮೇರಿ ತಾನೇ ನೀರು ಚಿಮುಕಿಸಿ, ತನ್ನ ಹೆಸರನ್ನೇ ಇಟ್ಟಳು. ಅತ್ತ ಲಂಡನ್ನಿನಲ್ಲಿ ಆ ಮಗುವಿನ ಅಪ್ಪ, ಹೌದು, ಬ್ಯಾಬಿಂಗ್ಟನ್‌ಗೆ ಬರೆದ ಆ ಕಾಗದವನ್ನು ಲಿಪಿಗೆ ಇಳಿಸಿದ್ದು ನಾನೇ ಎಂದು ಒಪ್ಪಿಕೊಂಡ. ಮರುವರ್ಷ ಫೆಬ್ರವರಿ 8ಕ್ಕೆ ಮೇರಿಯ ತಲೆ ಕಡಿದರು.

ಬಾರ್ಬರಾಳ ಗಂಡನ ಕೈಬರಹ ಅವಳ ಒಡತಿಯ ಕೊರಳಿಗೆ ಬಂತು. ಅದೇ ಒಡತಿ ಬಾರ್ಬರಾಳ ಮಗುವಿಗೆ ಹೆಸರಿಟ್ಟಳು. ಆ ಹೆಂಗಸು ಗಂಡ ತಿರುಗಿ ಸಿಕ್ಕ ದಿನ ಏನು ಮಾತಾಡಿದಳು? ಆಂಟ್ವರ್ಪ್‌ನ ಸಂತ ಆಂಡ್ರ್ಯೂ ಚರ್ಚಿನಲ್ಲಿ ಬಾರ್ಬರಾ ಮತ್ತು ಅವಳ ನಾದಿನಿಯ ಸ್ಮಾರಕ ಇದೆ. ಅದರ ಮೇಲೆ ಮೇರಿಯ ಭಾವಚಿತ್ರ ಇದೆ. ಇದನ್ನು ಓದಿದಾಗಿನಿಂದ ನನಗೆ ನಿಮ್ಮ ಜೆಸ್ಸಿಕಾ ಸಪ್ಪೆ ಅನಿಸುತ್ತಿದ್ದಾಳೆ, ಏನು ಮಾಡಲಿ.

ಎಲಿಜಬೆತ್ ಮತ್ತು ಮೇರಿ ಮುಖಾಮುಖಿಯಾಗುವ ನಿಮ್ಮ ದೃಶ್ಯದ ಬಗ್ಗೆ. ಅವರು ಒಮ್ಮೆಯೂ ಭೇಟಿಯಾಗಲಿಲ್ಲ. ಗೊತ್ತಿದ್ದೇ ಮಾಡಿದ್ದರೆ ನನ್ನ ಅಭ್ಯಂತರವಿಲ್ಲ, ಕಾದಂಬರಿಗೆ ಆ ಸ್ವಾತಂತ್ರ್ಯ ಇದೆ. ಆದರೆ ಅವರಿಬ್ಬರ ಮಾತು ಕಂಪನಿ ನಾಟಕದ್ದು. 'ಎಲೈ ದ್ರೋಹಿಯೇ' ಎಂದು ಎಲಿಜಬೆತ್ ತೊಡೆ ತಟ್ಟುವುದೊಂದು ಬಾಕಿ.

ಮಾತಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಆಗಿನ ಇಂಗ್ಲಿಷಿನಲ್ಲಿ ನಮ್ಮ 'ನೀನು–ನೀವು' ಥರದ ಎರಡು ಪದ ಇದ್ದವು. ಈಗಿನ ಇಂಗ್ಲಿಷಿನಲ್ಲಿ ಬರೆಯುವವರಿಗೆ ಆ ಸುಖ ಇಲ್ಲ, ನಿಮಗಿದೆ. ನೀವೋ, ಜೆಸ್ಸಿಕಾ ಮತ್ತು ಅವಳ ಬೇಹುಗಾರ ಇಬ್ಬರೂ ಮೊದಲ ಪುಟದಿಂದಲೇ 'ನೀನು' ಅನ್ನುವ ಹಾಗೆ ಮಾಡಿದ್ದೀರಿ. 'ನೀವು' ಎಂದು ನೂರು ಪುಟ ನಡೆಸಿ. ಆಮೇಲೆ ತುಂಬಿದ ಸಭೆಯಲ್ಲಿ ಅವನ ಬಾಯಿಂದ ಒಂದು 'ನೀನು' ಜಾರಲಿ. ಕೇಳಬಾರದವರು ಕೇಳಿಸಿಕೊಳ್ಳಲಿ.

ಕೊನೆಗೆ, ವಜ್ರದ ಹಾರ ಹಿಡಿದು ಲಂಡನ್ನಿಗೆ ಬರುವ ಭಾರತದ ರಾಜಕುಮಾರನನ್ನು ತೆಗೆಯಿರಿ. ಕನ್ನಡದ ಓದುಗರಿಗೆ ನಂಟು ಇರಲಿ ಎಂದು ತಂದಿದ್ದೀರಿ, ಅಲ್ವಾ? ನಂಟು ನಿಜವಾಗಿಯೇ ಇದೆ, ಆದರೆ ಬೇರೆ ಕಡೆ. 1583ರಲ್ಲಿ ಇಂಗ್ಲಿಷ್ ವ್ಯಾಪಾರಿ ರಾಲ್ಫ್ ಫಿಚ್ ಮತ್ತು ಜೊತೆಗಾರರು ಅಕ್ಬರನಿಗೆ ಎಲಿಜಬೆತ್‌ಳ ಕಾಗದ ಹಿಡಿದು ಹೊರಟರು. ಹೋರ್ಮುಜ್‌ನಲ್ಲಿ ಪೋರ್ಚುಗೀಸರು ಬೇಹುಗಾರರೆಂದು ಹಿಡಿದು ಗೋವಾದ ಜೈಲಿಗೆ ಹಾಕಿದರು. ಜಾಮೀನಿನ ಮೇಲೆ ಹೊರಬಂದವರು 1584ರಲ್ಲಿ ತಪ್ಪಿಸಿಕೊಂಡು, ಬೆಳಗಾವಿ ಹಾದು ಬಿಜಾಪುರಕ್ಕೆ ಬಂದರು. ಅದು ಪೂರ್ತಿ ಇನ್ನೊಂದು ಕಾದಂಬರಿ. ಇದರೊಳಗೆ ತುರುಕಬೇಡಿ. ಬರೆದರೆ ಮೊದಲು ನನಗೇ ಕಳಿಸಿ.

ಸದ್ಯಕ್ಕೆ ಇಡೀ ಹಸ್ತಪ್ರತಿ ತಿದ್ದಲು ಕೂರಬೇಡಿ. ಚಾರ್ಟ್ಲಿಯ ಒಂದೇ ಒಂದು ಅಧ್ಯಾಯ ಹೊಸದಾಗಿ ಬರೆಯಿರಿ, ಹದಿನೈದು ಪುಟ ಸಾಕು. ಪೀಪಾಯಿ ಬರುವ ದಿನ. ಬಿಯರ್ ವ್ಯಾಪಾರಿ ಇರಲಿ, ಬಾರ್ಬರಾ ಇರಲಿ, ಪಕ್ಕದ ಕೋಣೆಯಲ್ಲಿ ಅವಳ ಗಂಡ ಚಿಹ್ನೆ ಬರೆಯುತ್ತಿರಲಿ. ದಸರಾ ಕಳೆದ ಮೇಲೆ ಕಳಿಸಿದರೂ ಆಯಿತು.

ಇಂತಿ,
ಸಂಪಾದಕ

ಮರೆತಿದ್ದೆ: ಪುಟ 212ರಲ್ಲಿ ಕೊಲೆಯಾದ ಕಾವಲುಗಾರ ಪುಟ 260ರಲ್ಲಿ ಬಾಗಿಲು ತೆರೆಯುತ್ತಾನೆ.