ಹಿಮದ ಮೇಲೆ ಲಾಗ: ನೀವು ಕೇಳಿದ್ದು, ನಾವು ಹೇಳಿದ್ದು

ಚಳಿಗಾಲದ ಆಟಗಳ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂದಿದ್ವಿ. ಜಾಕೆಟ್ ಯಾವ್ದು ತಗೊಳ್ಳೋದು, ಬೂಟು ಬಾಡಿಗೆ ಎಷ್ಟು, ಇಂಥವೇ ಬರ್ತವೆ ಅನ್ಕೊಂಡಿದ್ರೆ, ಬಂದಿದ್ರಲ್ಲಿ ಮುಕ್ಕಾಲು ಪಾಲು ಲಾಗ ಹೊಡೆಯೋದರ ಬಗ್ಗೆನೇ! ಸರಿ, ಈ ಸಲ ಪೂರ್ತಿ ಅದೇ ಆಗ್ಲಿ.

ಪ್ರಶ್ನೆ: ಡೆನ್ವರ್‌ನಲ್ಲಿದೀನಿ, ವಯಸ್ಸು 34, ಐಟಿ ಕೆಲಸ. ಸ್ಕೀಯಿಂಗ್ ಪರವಾಗಿಲ್ಲ, ಬ್ಲೂ ರನ್ ಅಂದ್ರೆ ಮಧ್ಯಮ ಇಳಿಜಾರು ಆರಾಮಾಗಿ ಇಳೀತೀನಿ, ಕಡಿದಾದ ಬ್ಲ್ಯಾಕ್‌ನಲ್ಲಿ ಸ್ವಲ್ಪ ಒದ್ದಾಟ. ಹಾರೋಕೆ ದಿಬ್ಬ ಕಟ್ಟಿರೋ ಟೆರೇನ್ ಪಾರ್ಕಲ್ಲಿ ಪುಟ್ಟ ಪುಟ್ಟ ಮಕ್ಕಳು ಬ್ಯಾಕ್‌ಫ್ಲಿಪ್ (ಹಿಮ್ಮುಖ ಲಾಗ) ಹೊಡೆಯೋದು ನೋಡಿದ್ರೆ ಹೊಟ್ಟೆ ಉರಿಯತ್ತೆ. ನಾನೂ ಕಲೀಬೇಕು, ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಹೊಟ್ಟೆ ಉರ್ಕೊಳ್ಳಿ, ತಪ್ಪಿಲ್ಲ, ಆದ್ರೆ ಆ ಮಕ್ಕಳಲ್ಲಿ ಹೆಚ್ಚಿನವರು ಲಾಗ ಕಲಿತಿರೋದು ಹಿಮದ ಮೇಲಲ್ಲ. ಮೊದಲು ಟ್ರ್ಯಾಂಪೊಲಿನ್, ಆಮೇಲೆ ಫೋಮ್ ಪಿಟ್ (ಸ್ಪಂಜಿನ ತುಂಡು ತುಂಬಿದ ಗುಂಡಿ), ಆಮೇಲೆ ಏರ್‌ಬ್ಯಾಗ್ (ಗಾಳಿ ತುಂಬಿದ ದೊಡ್ಡ ಹಾಸಿಗೆ) ಇಲ್ಲಾ ನೀರು, ಹಿಮ ಅನ್ನೋದು ಕಟ್ಟಕಡೆಗೆ. ನಿಮಗೆ ಅನುಕೂಲ ಏನಂದ್ರೆ ಐ-70 ಹೆದ್ದಾರಿ ಹಿಡಿದು ಹೋದ್ರೆ ಕಾಪರ್ ಮೌಂಟನ್‌ನಲ್ಲಿ ವುಡ್‌ವರ್ಡ್ ಅಂತ ಕೇಂದ್ರ ಇದೆ, 2009ರಲ್ಲಿ ಶುರುವಾಗಿದ್ದು, ಒಂದೇ ಸೂರಿನ ಕೆಳಗೆ ಟ್ರ್ಯಾಂಪೊಲಿನ್, ಫೋಮ್ ಪಿಟ್ ಎಲ್ಲಾ ಇರತ್ತೆ, ಕೋಚ್‌ಗಳೂ ಸಿಗ್ತಾರೆ. ಭಾನುವಾರ ಸಂಜೆ ವಾಪಸ್ ಬರೋ ಟ್ರಾಫಿಕ್ ಬಗ್ಗೆ ನಾನೇನೂ ಹೇಳಲ್ಲ, ನಿಮಗೇ ಗೊತ್ತು.

ಅದರ ಜೊತೆಜೊತೆಗೇ ಪಾರ್ಕಿನ ಸಣ್ಣ ಜಂಪ್ ಮೇಲೆ ಸುಮ್ನೆ ನೆಟ್ಟಗೆ ಹಾರೋದು ಕಲೀರಿ. ಇದನ್ನ ಎಲ್ಲರೂ ಹಾರಿಸ್ಬಿಡ್ತಾರೆ, ಬೋರು ಅಂತ. ಜಂಪ್ ಅಂದ್ರೆ ಬರೀ ಗುಡ್ಡೆ ಅಲ್ಲ, ಮೇಲಿಂದ ವೇಗ ತಗೊಂಡು ಬರೋ ಇಳಿಜಾರು, ಆಮೇಲೆ ಮೇಲಕ್ಕೆ ಬಾಗೋ ಜಾಗ, ಅದರ ತುದಿ ಲಿಪ್, ಅದಾದ್ಮೇಲೆ ಸಮತಟ್ಟಾದ ಟೇಬಲ್, ಟೇಬಲ್ ಮುಗಿದು ಇಳಿಜಾರು ಶುರುವಾಗೋ ಅಂಚು ನಕಲ್, ಅದರಾಚೆ ಲ್ಯಾಂಡಿಂಗ್. ನಿಮ್ಮ ಕೆಲಸ ನಕಲ್ ದಾಟಿ ಇಳಿಜಾರಲ್ಲಿ ಇಳಿಯೋದು. ಯಾವ ವೇಗಕ್ಕೆ ಎಲ್ಲಿ ಬೀಳ್ತೀರಿ ಅನ್ನೋದು ಯೋಚನೆ ಮಾಡ್ದೇನೇ ಕಾಲಿಗೆ ಗೊತ್ತಾಗ್ಬೇಕು, ಹಾರುವಾಗ ಕೈ ಗಿರಗಿರ ತಿರುಗಿಸದೇ ಇರೋ ಹಾಗಾಗ್ಬೇಕು. ಅಲ್ಲೀವರೆಗೂ ಲಾಗದ ಸುದ್ದಿ ಬೇಡ.

ಈಗ ಅಸಲಿ ವಿಷಯ. ಲಾಗದ ಹಣೆಬರಹ ಬರೆಯೋದು ಲಿಪ್ಪಿನಲ್ಲೇ, ಅಲ್ಲಿಂದ ಬಿಟ್ಟ ಮೇಲೆ ಹೊಸದಾಗಿ ತಿರುಗೋ ಶಕ್ತಿ ತಗೊಳ್ಳಕ್ಕೆ ಗಾಳೀಲಿ ಹಿಡ್ಕೊಳ್ಳೋಕೆ ಏನೂ ಇರಲ್ಲ. ಮೊಣಕಾಲು ಎದೆಗೆ ಎಳ್ಕೊಂಡ್ರೆ ಇರೋ ತಿರುಗು ಜೋರಾಗತ್ತೆ, ಮೈ ಬಿಚ್ಚಿದ್ರೆ ನಿಧಾನ ಆಗತ್ತೆ, ಅಷ್ಟೇ ನಿಮ್ಮ ಕೈಲಿರೋದು. ಹೊಸಬರು ಮಾಡೋದೇನಂದ್ರೆ ಲಿಪ್ ತಲುಪೋ ಮುಂಚೇನೇ ತಲೆ ಹಿಂದಕ್ಕೆ ಎಸೆದುಬಿಡ್ತಾರೆ, ಬೆನ್ನು ಬಿಲ್ಲಾಗತ್ತೆ, ಸೊಂಟ ಹಿಂದೆ ಉಳಿಯತ್ತೆ, ಎತ್ತರ ಕಮ್ಮಿ ಆಗತ್ತೆ, ತಿರುಗೂ ನಿಧಾನ, ಕತ್ತಿನ ಮೇಲೆ ಬೀಳೋದು ಹೀಗೇನೇ. ಸರಿಯಾದ ಕ್ರಮ ಅಂದ್ರೆ ಲಿಪ್ ಮೇಲೆ ಎದ್ದು ನಿಲ್ಲೋದು, ಕಾಲಿಂದ ಚಿಮ್ಮೋದು, ಕೈ ಮೇಲೆ, ಸೊಂಟ ಮೇಲೆ, ಕಣ್ಣು ಮುಂದೆ, ಆಮೇಲೆ ಮೊಣಕಾಲು, ತಲೆ ಎಲ್ಲಕ್ಕಿಂತ ಕೊನೆಗೆ. ಮುಕ್ಕಾಲು ಸುತ್ತು ಆಗೋ ಹೊತ್ತಿಗೆ ನೆಲ ಕಾಣತ್ತೆ, ಕಂಡ ತಕ್ಷಣ ಮೈ ಬಿಚ್ಚಿ.

ಇನ್ನೊಂದು ಗುಟ್ಟು, ಜಂಪಿನ ಬಾಗೇ ನಿಮ್ಮನ್ನ ಹಿಂದಕ್ಕೆ ತಿರುಗಿಸತ್ತೆ. ಲೆಕ್ಕ ಸುಲಭ, ವೇಗವನ್ನ ಬಾಗಿನ ತ್ರಿಜ್ಯದಿಂದ ಭಾಗಿಸಿ. ಗಂಟೆಗೆ 36 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 10 ಮೀಟರ್, ಲಿಪ್ ತುದೀವರೆಗೂ 10 ಮೀಟರ್ ತ್ರಿಜ್ಯದ ಬಾಗಿದ್ರೆ ಏನೂ ಮಾಡ್ದೆ ನಿಂತಿದ್ರೂ ಸೆಕೆಂಡಿಗೆ 57 ಡಿಗ್ರಿ ಹಿಂದಕ್ಕೆ ತಿರುಗ್ತಾ ಹೊರಡ್ತೀರಿ. ನೆಟ್ಟಗೆ ಹಾರೋಕೆ ಹೋದವರು ಬೇಡದೇ ಇದ್ರೂ ಬೆನ್ನ ಮೇಲೆ ಬೀಳೋದಕ್ಕೆ ಇದೂ ಒಂದು ಕಾರಣ, ಅದಕ್ಕೇ ತಿಳಿದವರು ಲಿಪ್ಪಿನ ಕೊನೇ ತುಂಡನ್ನ ಬಾಗಿಸದೇ ನೇರ ಕಟ್ತಾರೆ. ಅಂದ್ರೆ ಎರಡು ಜಂಪ್ ನೋಡೋಕೆ ಒಂದೇ ಥರ ಇದ್ರೂ ಒಂದರ ಮೇಲೆ ಸರಿ ಬಂದ ಲಾಗ ಇನ್ನೊಂದರ ಮೇಲೆ ಹೆಚ್ಚು ಸುತ್ತಿಬಿಡಬಹುದು. ಹೊಸ ಜಂಪ್ ಸಿಕ್ಕಾಗೆಲ್ಲಾ ಮೊದಲು ನೆಟ್ಟಗೆ ಹಾರಿ ನೋಡಿ ಅನ್ನೋದು ಇದಕ್ಕೇ.

34 ಏನೂ ವಯಸ್ಸಲ್ಲ ಬಿಡಿ.

ಪ್ರಶ್ನೆ: ನಮ್ಮೂರು ಮಂಡ್ಯ ಕಡೆ, ಚಿಕ್ಕವನಿದ್ದಾಗ ಬಾವಿ ಕಟ್ಟೆ ಮೇಲಿಂದ ಹಿಮ್ಮುಖ ಲಾಗ ಹಾಕ್ತಿದ್ದೆ, ಭಯ ಅನ್ನೋದೇ ಇಲ್ಲ. ಈಗ ಜ್ಯೂರಿಕ್‌ನಲ್ಲಿ ಓದ್ತಿದೀನಿ, ಸ್ಕೀಯಿಂಗೂ ಕಲಿತೆ. ಬಾವೀಲಿ ಬರತ್ತೆ ಅಂದ್ಮೇಲೆ ಹಿಮದಲ್ಲೂ ಬರಬೇಕಲ್ವಾ?

ಉತ್ತರ: ತಮ್ಮಾ, ಅರ್ಧ ಬರತ್ತೆ. ತಲೆಕೆಳಗಾದಾಗ ದಿಕ್ಕು ತಪ್ಪದೇ ಇರೋದು ಅನ್ನೋ ಅರ್ಧ ನಿನಗೆ ಆಗಲೇ ಬಂದಿದೆ, ಅದು ದೊಡ್ಡದೇ. ಆದ್ರೆ ಬಾವಿಗೆ ಬೆನ್ನು ಹಾಕಿ ನಿಂತು ಹಾರುವಾಗ ಮೈ ಹಿಂದಕ್ಕೆ ಹೋಗತ್ತೆ, ಲಾಗನೂ ಹಿಂದಕ್ಕೆ. ಸ್ಕೀ ಮೇಲೆ ಮೈ ಮುಂದಕ್ಕೆ ಹೋಗ್ತಿರತ್ತೆ, ಲಾಗ ಮಾತ್ರ ಹಿಂದಕ್ಕೆ. ಕಟ್ಟೆ ಮೇಲೆ ಮುಂದಕ್ಕೆ ಓಡಿ ಬಂದು ಹಿಮ್ಮುಖ ಲಾಗ ಹಾಕೋ ಹುಡುಗರು ಒಬ್ಬಿಬ್ಬರು ಇರ್ತಿದ್ರಲ್ಲ, ಅದು ಇದಕ್ಕೆ ಹತ್ತಿರ.

ಆಮೇಲೆ ಸುತ್ತಿನ ಲೆಕ್ಕ ಬೇರೆ. ಸಮನೆಲದಲ್ಲಿ ಲಾಗ ಅಂದ್ರೆ 360 ಡಿಗ್ರಿ. ಜಂಪಿನ ಲಿಪ್ 30 ಡಿಗ್ರಿ ಮೇಲ್ಮುಖ ಇದೆ ಅನ್ಕೋ, ಹೊರಡುವಾಗಲೇ ನೀನು 30 ಡಿಗ್ರಿ ಹಿಂದಕ್ಕೆ ವಾಲಿರ್ತೀಯ. ಇಳಿಯೋ ಜಾಗ 30 ಡಿಗ್ರಿ ಕೆಳಮುಖ, ಅಂದ್ರೆ ಪೂರ್ತಿ ನೆಟ್ಟಗಾಗೋ ಮುಂಚೇನೇ ನೆಲ ಕಾಲಿಗೆ ಸಿಗತ್ತೆ. ಎರಡೂ ಕಳೆದ್ರೆ ಬೇಕಾಗಿರೋದು 300 ಡಿಗ್ರಿ ಮಾತ್ರ. ಬಾವಿ ಅಭ್ಯಾಸದಲ್ಲಿ ಪೂರ್ತಿ 360 ಸುತ್ತಿದ್ರೆ ಇಳಿಯುವಾಗ ಹಿಂದಕ್ಕೆ ಕೂತು ಬೀಳ್ತೀಯ. ಮುಮ್ಮುಖ ಲಾಗ ತಗೊಂಡ್ರೆ ಲೆಕ್ಕ ತಿರುವುಮುರುವು, 360ಕ್ಕೆ 60 ಕೂಡಿ 420 ಡಿಗ್ರಿ ಸುತ್ತಬೇಕು, ಮೇಲಾಗಿ ನೆಲ ಕೊನೇವರೆಗೂ ಸರಿಯಾಗಿ ಕಾಣಲ್ಲ. ಸ್ಕೀಯವರು ಬ್ಯಾಕ್‌ಫ್ಲಿಪ್ ಮೊದಲು ಕಲಿಯೋದು ಶೋಕಿಗಲ್ಲ, ಅದೇ ಸುಲಭ. ಕಾಲಲ್ಲಿ ಬೂಟು, ಅದನ್ನ ಸ್ಕೀಗೆ ಹಿಡಿಸೋ ಬೈಂಡಿಂಗ್, ಸ್ಕೀ ಎಲ್ಲಾ ಸೇರಿ ಹತ್ತಿರ ಹತ್ತಿರ 10 ಕೆ.ಜಿ. ಇರತ್ತೆ ಅನ್ನೋದನ್ನೂ ನೆನಪಿಟ್ಕೋ, ಬರಿಗಾಲಲ್ಲಿ ಸುತ್ತಿದಷ್ಟು ಬೇಗ ಸುತ್ತಲ್ಲ.

ನಿನಗೆ ಖುಷಿ ಆಗೋ ಸುದ್ದಿ ಒಂದಿದೆ. ಜ್ಯೂರಿಕ್ ಹತ್ತಿರಾನೇ ಮೆಟ್ಮೆನ್‌ಸ್ಟೆಟ್ಟನ್‌ನಲ್ಲಿ ವಾಟರ್ ರಾಂಪ್ ಇದೆ. ಪ್ಲಾಸ್ಟಿಕ್ ಹಾಸಿದ ಇಳಿಜಾರಿಗೆ ನೀರು ಬಿಟ್ಟಿರ್ತಾರೆ, ಸ್ಕೀ ಹಾಕ್ಕೊಂಡೇ ಜಾರಿ ಬಂದು ಹಾರಿ ನೀರಿಗೆ ಬೀಳೋದು. ಮೇಲೆ ವೆಟ್‌ಸೂಟು, ಲೈಫ್ ಜಾಕೆಟ್ಟು, ಹೆಲ್ಮೆಟ್ಟು. ದೊಡ್ಡ ರಾಂಪ್‌ಗಳಲ್ಲಿ ತಳದಿಂದ ಗಾಳಿ ಗುಳ್ಳೆ ಬಿಟ್ಟು ನೀರನ್ನ ಮೆತ್ತಗೆ ಮಾಡ್ತಾರೆ. ಬಾವಿಯವನಿಗೆ ಇದಕ್ಕಿಂತ ಒಳ್ಳೇ ಶಾಲೆ ಸಿಗಲ್ಲ, ಬೇಸಿಗೇಲಿ ಹೋಗು.

ಪ್ರಶ್ನೆ: ನನ್ನ ಮಗ ವ್ಯಾಂಕೂವರ್‌ನಲ್ಲಿದಾನೆ. ಸ್ನೇಹಿತರ ಜೊತೆ ಕಾಡಿನ ಕಡೆ ಹೋಗಿ ತಾವೇ ಹಿಮದ ದಿಬ್ಬ ಕಟ್ಟಿ ಪಲ್ಟಿ ಹೊಡೆಯೋ ವಿಡಿಯೋ ಕಳಿಸಿದಾನೆ. ನೋಡಿದಾಗಿಂದ ನಿದ್ದೆ ಇಲ್ಲ. ಬೇಡ ಅಂದ್ರೆ ಕೇಳಲ್ಲ. ನಿಜವಾಗ್ಲೂ ಅಷ್ಟು ಅಪಾಯಾನಾ? — ಮೈಸೂರಿನ ಒಬ್ಬ ತಾಯಿ

ಉತ್ತರ: ಅಮ್ಮಾ, ಅಪಾಯ ಇಲ್ಲ ಅಂತ ಸುಳ್ಳು ಹೇಳಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ಈ ಲಾಗದ ಹುಚ್ಚು ಜೋರಾಗಿದ್ದಾಗ ಬೆನ್ನುಮೂಳೆ ಮುರ್ಕೊಂಡವರಿದ್ರು, ಕೇಸುಗಳು ಕೋರ್ಟಿಗೆ ಹೋದ್ವು, ಎಷ್ಟೋ ಸ್ಕೀ ರೆಸಾರ್ಟ್‌ಗಳು ತಲೆಕೆಳಗಾಗೋ ಹಾರಾಟವನ್ನೇ ನಿಷೇಧಿಸಿದ್ವು. ಈಗಲೂ ಕೆಲವು ಕಡೆ ಆ ನಿಯಮ ಇದೆ. ಆಟ ಮತ್ತೆ ಮರ್ಯಾದೆ ಪಡ್ಕೊಂಡಿದ್ದು ನೀರಿನ ಮೇಲೆ ಸಾಧಿಸಿ ತೋರಿಸಿದ ಮೇಲೇ ಹಿಮಕ್ಕೆ ಬರಬೇಕು ಅನ್ನೋ ಶಿಸ್ತು ಬಂದ ಮೇಲೆ, ಒಲಿಂಪಿಕ್ಸ್‌ನಲ್ಲಿ ಏರಿಯಲ್ಸ್‌ಗೆ, ಅಂದ್ರೆ ಸ್ಕೀ ಮೇಲೆ ಲಾಗ ಹೊಡೆಯೋ ಸ್ಪರ್ಧೆಗೆ, ಮೊದಲ ಸಲ ಪದಕ ಕೊಟ್ಟಿದ್ದು 1994ರ ಲಿಲ್ಲೆಹ್ಯಾಮರ್‌ನಲ್ಲಿ.

ಬೇಡ ಅನ್ಬೇಡಿ, ಕೇಳಲ್ಲ ಅಂತ ನೀವೇ ಹೇಳ್ತೀರಿ. ಅದರ ಬದಲು ಇಳಿಯೋ ಜಾಗ ಹೆಂಗಿದೆ ಅಂತ ಕೇಳಿ. ಎಲ್ಲರೂ ದಿಬ್ಬದ ಎತ್ತರ ನೋಡಿ ಹೆದರ್ತಾರೆ, ನಾನು ಹೆದರೋದು ಸಮತಟ್ಟಾದ ಲ್ಯಾಂಡಿಂಗಿಗೆ. ಹಾರಿದವನು ಬರೋ ದಿಕ್ಕಿಗೂ ನೆಲದ ಇಳಿಜಾರಿಗೂ ಹೊಂದಿದ್ರೆ ಮೈಗೆ ಹೊಡೆತ ಕಮ್ಮಿ, ಹಾಗೇ ಜಾರ್ಕೊಂಡು ಹೋಗ್ತಾನೆ. ಅದೇ ಹಾರಾಟ ಸಮತಟ್ಟು ಜಾಗಕ್ಕೆ ಬಂದ್ರೆ ಮೊದಲನೇ ಮಹಡಿ ಬಾಲ್ಕನಿಯಿಂದ ಅಂಗಳಕ್ಕೆ ಧುಮುಕಿದ ಹಾಗೆ. ಹುಡುಗರು ಕಟ್ಟೋ ದಿಬ್ಬದಲ್ಲಿ ಇದೇ ತಪ್ಪೋದು, ಹಾರೋ ಕಡೆಗೆ ಸಂಜೆವರೆಗೂ ಸಲಿಕೆ ಹಿಡೀತಾರೆ, ಬೀಳೋ ಕಡೆ ತಿರುಗಿ ನೋಡಲ್ಲ. ಹಿಮದಡಿ ಮರದ ಬೊಡ್ಡೆ, ಬಂಡೆ ಇದೆಯಾ ಅಂತಾನೂ ನೋಡಿರಲ್ಲ.

ಹೆಲ್ಮೆಟ್ ಇದೆ ಅಂತ ಸಮಾಧಾನ ಹೇಳಬಹುದು. ಹೆಲ್ಮೆಟ್ ಬೇಕೇ ಬೇಕು, ಆದ್ರೆ ಅದು ಬುರುಡೆಗೆ, ಕತ್ತಿಗಲ್ಲ. ಇನ್ನು ರೆಸಾರ್ಟ್ ಗಡಿ ದಾಟಿ ಹೋಗ್ತಿದ್ರೆ ಹಿಮಕುಸಿತದ ಮಾತು ಬೇರೇನೇ ಇದೆ, ಆ ದಿನದ ಅವಲಾಂಚ್ ಮುನ್ಸೂಚನೆ ನೋಡಿದೀರಾ, ಹಿಮದಡಿ ಸಿಕ್ಕಿದವರನ್ನ ಹುಡುಕೋ ಬೀಕನ್ (ಸಿಗ್ನಲ್ ಯಂತ್ರ), ಪ್ರೋಬ್ (ಚುಚ್ಚಿ ನೋಡೋ ಉದ್ದ ಕೋಲು), ಸಲಿಕೆ ಎಲ್ಲರ ಹತ್ರ ಇದೆಯಾ ಕೇಳಿ. ಇನ್ಶೂರೆನ್ಸ್ ಕಾಗದದಲ್ಲಿ ಫ್ರೀಸ್ಟೈಲ್ (ಇಂಥ ಹಾರಾಟ, ಲಾಗ) ಅನ್ನೋದನ್ನ ಹೊರಗಿಟ್ಟಿದಾರಾ ಅಂತ ಒಂದ್ಸಲ ಓದ್ಸಿ. ಏರ್‌ಬ್ಯಾಗ್ ಕ್ಲಾಸಿಗೆ ದುಡ್ಡು ನಾನು ಕೊಡ್ತೀನಿ ಅಂತ ಹೇಳಿ ನೋಡಿ, ಬೈಗುಳಕ್ಕಿಂತ ಅದು ಬೇಗ ಕೆಲಸ ಮಾಡತ್ತೆ.

ಪ್ರಶ್ನೆ: ಸ್ನೋಬೋರ್ಡ್‌ನಲ್ಲಿ ವೈಲ್ಡ್‌ಕ್ಯಾಟ್ ಅಂದ್ರೂ ಬ್ಯಾಕ್‌ಫ್ಲಿಪ್ ಅಂದ್ರೂ ಒಂದೇನಾ?

ಉತ್ತರ: ಅಲ್ಲ. ಬೋರ್ಡ್ ಮೇಲೆ ಅಡ್ಡ ನಿಂತಿರ್ತೀವಲ್ಲ, ಹೋಗೋ ದಿಕ್ಕಿಗೆ ನೇರವಾಗಿ, ಬೋರ್ಡಿನ ಬಾಲದ ಕಡೆಗೆ ಉರುಳೋದು ವೈಲ್ಡ್‌ಕ್ಯಾಟ್, ಪಕ್ಕಕ್ಕೆ ಚಕ್ರ ಹಾಕಿದ ಥರ. ಬೆನ್ನಿನ ಕಡೆಗೆ ಉರುಳಿದ್ರೆ ಬ್ಯಾಕ್‌ಫ್ಲಿಪ್. ಮೂತಿ ಕಡೆಗೆ ಉರುಳಿದ್ರೆ ಟೇಮ್‌ಡಾಗ್. ಕಾಡುಬೆಕ್ಕಿನ ಉಲ್ಟಾ ಸಾಕುನಾಯಿ, ಹೆಸರಿಟ್ಟವರ ತಮಾಷೆ ನೋಡಿ.

ಪ್ರಶ್ನೆ: ಬೆಂಗಳೂರಲ್ಲಿ ಡಿಗ್ರಿ ಓದ್ತಿದೀನಿ. ಟ್ರ್ಯಾಂಪೊಲಿನ್ ಪಾರ್ಕಲ್ಲಿ ಡಬಲ್ (ಒಂದೇ ಸಲ ಹಾರಿ ಎರಡು ಲಾಗ) ಬಿಟ್ಟು ಎಲ್ಲಾ ಬರತ್ತೆ, ಹಿಮ ಮಾತ್ರ ಕಣ್ಣಲ್ಲಿ ನೋಡಿಲ್ಲ. ಗುಲ್ಮಾರ್ಗ್‌ಗೆ ಹೋಗಿ ಟ್ರೈ ಮಾಡ್ಬಹುದಾ? ನಮ್ಮಂಥವರಿಗೆ ಇದು ಆಗೋ ಮಾತಾ?

ಉತ್ತರ: ಆಗೋ ಮಾತೇ, ಆದ್ರೆ ಗುಲ್ಮಾರ್ಗ್‌ನ ಮೊದಲ ಟ್ರಿಪ್ಪಲ್ಲಿ ಅಲ್ಲ. ಆಸ್ಟ್ರೇಲಿಯಾದ ಅಲೀಸಾ ಕ್ಯಾಂಪ್ಲಿನ್ ಕಥೆ ಕೇಳಿ. ಚಿಕ್ಕಂದಿನಲ್ಲಿ ಜಿಮ್ನಾಸ್ಟಿಕ್ಸ್, ಆಮೇಲೆ ದೋಣಿ ಸ್ಪರ್ಧೆ, ಸ್ಕೀ ಕಲಿತಿದ್ದು ಹದಿಹರೆಯ ಮುಗಿಯೋ ಹೊತ್ತಿಗೆ. ನೀರಿನ ಮೇಲೆ ಹಾರಿ ಹಾರಿ ಕಲಿತು 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್ ಏರಿಯಲ್ಸ್‌ನಲ್ಲಿ ಚಿನ್ನ. 2010ರಲ್ಲಿ ಅದೇ ಸ್ಪರ್ಧೇಲಿ ಚಿನ್ನ ಗೆದ್ದ ಲಿಡಿಯಾ ಲಸ್ಸಿಲಾ ಕೂಡ ಜಿಮ್ನಾಸ್ಟಿಕ್ಸ್‌ನಿಂದ ಬಂದವರೇ. ಹಿಮದ ನಾಡಲ್ಲಿ ಹುಟ್ಟದೇ ಇರೋ ಹುಡುಗಿಯರನ್ನ ಗಾಳೀಲಿ ಮೊದಲು ತಯಾರು ಮಾಡಿ ಆಮೇಲೆ ಹಿಮಕ್ಕೆ ಇಳಿಸಿದ್ರು, ನಿಮ್ಮ ದಾರಿಯೂ ಅದೇ.

ನಿಮಗೆ ಬಾಕಿ ಇರೋದು ಸ್ಕೀಯಿಂಗ್, ಅದು ಚಿಕ್ಕ ಬಾಕಿ ಅಲ್ಲ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ, ಬೇಸಿಕ್ ಕೋರ್ಸ್ ಮಾಡಿ, ನಿಲ್ಲೋದು, ತಿರುಗೋದು, ಬ್ರೇಕ್ ಹಾಕೋದು ಕಲೀರಿ. ಉತ್ತರಾಖಂಡದ ಔಲಿಗೂ ಹೋಗಬಹುದು. ನಮ್ಮ ಕಡೆಯವರಿಗೆ ಹಿಮ ಒಗ್ಗಲ್ಲ ಅನ್ನೋ ಮಾತೆಲ್ಲಾ ಬಿಡಿ, ಕೊಡಗಿನ ಭವಾನಿ ತೆಕ್ಕಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶಕ್ಕೆ ಆಡ್ತಿದಾರೆ. ಅದು ಲಾಗದ ಆಟ ಅಲ್ಲ ನಿಜ, ಆದ್ರೂ.

ಹ್ಞಾಂ, ಟ್ರ್ಯಾಂಪೊಲಿನ್ ಮೇಲೆ ಒಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ಹಾರಬೇಡಿ, ಒಬ್ಬರ ಒತ್ತಡಕ್ಕೆ ಇನ್ನೊಬ್ಬರು ಲೆಕ್ಕ ತಪ್ಪಿ ಚಿಮ್ತಾರೆ. ಕಾಲು ಮುರ್ಕೊಳ್ಳೋದು ಅಲ್ಲೇ.

ಪ್ರಶ್ನೆ: ಟಿವೀಲಿ ಏರಿಯಲ್ಸ್ ನೋಡುವಾಗ ಲ್ಯಾಂಡಿಂಗ್ ಜಾಗವನ್ನ ಸಲಿಕೇಲಿ ಕೊಚ್ತಾ ಇರ್ತಾರಲ್ಲ, ಯಾಕೆ? ಅಂಕ ಹೆಂಗೆ ಕೊಡ್ತಾರೆ?

ಉತ್ತರ: ಹಿಮ ಗಟ್ಟಿಯಾಗಬಾರ್ದು ಅಂತ. ಅಲ್ಲಿಯ ದೊಡ್ಡ ಕಿಕ್ಕರ್, ಅಂದ್ರೆ ಹಾರೋ ದಿಬ್ಬ, 4 ಮೀಟರ್ ಎತ್ತರ ಇರತ್ತೆ, ಹತ್ತಿರ ಹತ್ತಿರ 70 ಡಿಗ್ರಿ ಕಡಿದು, ಲ್ಯಾಂಡಿಂಗ್ ಕೂಡ 37-38 ಡಿಗ್ರಿ ಇಳಿಜಾರು. ಅಷ್ಟು ಮೇಲಿಂದ ಬರೋರಿಗೆ ಪುಡಿ ಹಿಮ ಬೇಕು. ಪೈನ್ ಸೊಪ್ಪು ಚೆಲ್ಲೋದು, ಬಣ್ಣದ ಗೆರೆ ಎಳೆಯೋದು ಮಂಕು ಬೆಳಕಲ್ಲಿ ನೆಲ ಎಲ್ಲಿದೆ ಅಂತ ಕಾಣ್ಲಿ ಅಂತ, ಬರೀ ಬಿಳಿಪಿನಲ್ಲಿ ಆಳ ಗೊತ್ತಾಗಲ್ಲ. ಅಂಕದಲ್ಲಿ ಹಾರಿದ್ದಕ್ಕೆ 20 ಶೇಕಡ, ಗಾಳೀಲಿ ಮೈ ಇಟ್ಕೊಂಡ ಬಗೆಗೆ 50, ಇಳಿದಿದ್ದಕ್ಕೆ 30, ಬಂದಿದ್ದನ್ನ ಆ ಕಸರತ್ತಿನ ಕಷ್ಟದ ಅಂಕದಿಂದ ಗುಣಿಸ್ತಾರೆ. 2022ರ ಬೀಜಿಂಗ್‌ನಲ್ಲಿ ಚೀನಾದ ಶು ಮೆಂಗ್‌ಟಾವ್ ಚಿನ್ನ ಗೆದ್ದಿದ್ದು ಮೂರು ಲಾಗ, ಪ್ರತಿ ಲಾಗಕ್ಕೊಂದು ತಿರುಚು ಹಾಕಿ.

ಪ್ರಶ್ನೆ: ಏರ್‌ಬ್ಯಾಗ್ ಮೇಲೆ ಬ್ಯಾಕ್‌ಫ್ಲಿಪ್ ಕೂತಿದೆ, ಕೋಚ್ ಹಿಮಕ್ಕೆ ಬಾ ಅಂದಿದಾರೆ. ಯಾವ ಹೊತ್ತಲ್ಲಿ ಹೋಗೋದು ಒಳ್ಳೇದು?

ಉತ್ತರ: ವಸಂತ ಕಾಲ, ಮಾರ್ಚ್ ಕೊನೆ ಇಲ್ಲಾ ಏಪ್ರಿಲ್, ಬಿಸಿಲಿರೋ ದಿನ. ಬೆಳಿಗ್ಗೆ ಬೇಡ, ರಾತ್ರಿ ಹೆಪ್ಪುಗಟ್ಟಿದ್ದು ಕಲ್ಲಿನಂಗಿರತ್ತೆ. ಹನ್ನೊಂದು ಹನ್ನೆರಡರ ಹೊತ್ತಿಗೆ ಮೇಲ್ಪದರ ಮೆತ್ತಗಾಗತ್ತೆ. ತೀರಾ ಮಧ್ಯಾಹ್ನಕ್ಕೆ ಬಿಟ್ರೆ ಹಿಮ ಸ್ಕೀ ಹಿಡ್ಕೊಳ್ಳತ್ತೆ, ವೇಗ ಸಾಲದೇ ನಕಲ್ ಮೇಲೆ ಬೀಳ್ತೀರಿ, ಅದಕ್ಕೇ ಸ್ಕೀ ತಳಕ್ಕೆ ಜಾರೋ ಮೇಣ, ವ್ಯಾಕ್ಸ್ ಹಾಕ್ಸಿ, ಅವತ್ತಿನ ವೇಗಕ್ಕೆ ನೆಟ್ಟಗೆ ಹಾರಿ ನೋಡಿ, ಕೋಚ್ ಹಿಂದೇನೇ ಅದೇ ವೇಗದಲ್ಲಿ ಇಳಿದು ಬನ್ನಿ. ಮೊದಲ ಸಲ ಪೋಲ್ (ಕೈಕೋಲು) ಬಿಟ್ಟು ಹೋಗಿ, ಬೆನ್ನಿಗೆ ಪ್ರೊಟೆಕ್ಟರ್ ಇರ್ಲಿ. ಲಿಪ್ ಮೇಲೆ ಸ್ಕೀ ಹೋಗಿ ಹೋಗಿ ಗೀರು ಬಿದ್ದು ಗುಂಡಿಯಾಗಿದ್ರೆ ಹಾರಬೇಡಿ, ಪಾರ್ಕಿನವರಿಗೆ ಹೇಳಿ, ಕುಂಟೆ ತಂದು ಸಮ ಮಾಡ್ಕೊಡ್ತಾರೆ.