ಶಮೀಲ್ ಬಸಾಯೆವ್ ಹೋರಾಟಗಾರನಾ, ಭಯೋತ್ಪಾದಕನಾ?

ಪ್ರಶ್ನೆ: ರಷ್ಯಾದ ಬೆಸ್ಲಾನ್ ಪಟ್ಟಣದ ಶಾಲೆಯ ಮೇಲೆ ದಾಳಿ ಆದಾಗ ನಾನು ಏಳನೇ ಕ್ಲಾಸಿನಲ್ಲಿದ್ದೆ. ಟಿವಿಯಲ್ಲಿ ಕಂಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊನ್ನೆ ಒಬ್ಬರು, ಅದನ್ನು ಮಾಡಿಸಿದ ಚೆಚೆನ್ ಬಂಡುಕೋರ ಬಸಾಯೆವ್ ಸ್ವಾತಂತ್ರ್ಯ ಹೋರಾಟಗಾರ ಅಂದರು. ಇನ್ನೊಬ್ಬರು, ಅವನು ಮೊದಲಿನಿಂದಲೂ ಜಿಹಾದಿಯೇ ಅಂದರು. ಯಾವುದನ್ನು ನಂಬಬೇಕು ಸರ್?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ಮಾತ್ರ ಇದೆ. ಅವನ ಬದುಕನ್ನು ಮೊದಲಿನಿಂದ ನೋಡಿದರೆ ಗೊತ್ತಾಗುತ್ತದೆ.

ಚೆಚೆನ್ಯಾ ಅನ್ನೋದು ರಷ್ಯಾದ ದಕ್ಷಿಣ ತುದಿಯಲ್ಲಿ, ಕಾಕಸಸ್ ಬೆಟ್ಟಗಳ ಮಗ್ಗುಲಲ್ಲಿರುವ ಪುಟ್ಟ ನಾಡು. 1944ರ ಫೆಬ್ರವರಿ 23ರಂದು ಸ್ಟಾಲಿನ್ ಸರ್ಕಾರ ಅಲ್ಲಿನ ಚೆಚೆನ್ನರನ್ನೂ ಪಕ್ಕದ ಇಂಗುಷ್ ಜನರನ್ನೂ ಗೂಡ್ಸ್ ರೈಲಿಗೆ ತುಂಬಲು ಶುರು ಮಾಡಿತು. ಮುದುಕರು, ಬಾಣಂತಿಯರು, ಯಾರನ್ನೂ ಬಿಡಲಿಲ್ಲ. ಹೆಚ್ಚುಕಮ್ಮಿ ಐದು ಲಕ್ಷ ಜನರನ್ನು ಕಜಕಿಸ್ತಾನ, ಕಿರ್ಗಿಸ್ತಾನದ ಚಳಿಯಲ್ಲಿ ತಂದು ಇಳಿಸಿದರು. ಹಸಿವು, ಚಳಿ, ಕಾಯಿಲೆಗೆ ಸತ್ತವರು ಲೆಕ್ಕವಿಲ್ಲದಷ್ಟು. ವಾಪಸ್ ಬರಲು ಅನುಮತಿ ಸಿಕ್ಕಿದ್ದು 1957ರಲ್ಲಿ. ಬಸಾಯೆವ್ ಹುಟ್ಟಿದ್ದು ಅದಾದ ಎಂಟು ವರ್ಷಕ್ಕೆ, 1965ರಲ್ಲಿ, ವೆದೆನೊ ಪ್ರದೇಶದ ಒಂದು ಹಳ್ಳಿಯಲ್ಲಿ. ಅವನು ಹುಡುಗನಾಗಿದ್ದಾಗ ಊರಲ್ಲಿದ್ದ ಹಿರಿಯರೆಲ್ಲ ಆ ಗಡೀಪಾರನ್ನು ಅನುಭವಿಸಿ ಬದುಕಿ ಬಂದವರು. ಇದನ್ನು ಬಿಟ್ಟು ಅವನ ಕಥೆ ಹೇಳಿದರೆ ಅದು ಅರ್ಧ ಕಥೆ.

ಅವನಿಗೆ ಇಟ್ಟ ಹೆಸರೂ ಸುಮ್ನೆ ಇಟ್ಟಿದ್ದಲ್ಲ. 1834ರಿಂದ 1859ರವರೆಗೆ ರಷ್ಯಾದ ಚಕ್ರವರ್ತಿಯ ಸೈನ್ಯವನ್ನು ಎದುರಿಸಿ ನಿಂತ ಇಮಾಮ್ ಶಮೀಲ್ ಹೆಸರು ಅದು. ಆ ಇಮಾಮರು ಕೊನೆಕೊನೆಗೆ ರಾಜಧಾನಿ ಮಾಡಿಕೊಂಡಿದ್ದು ಇದೇ ವೆದೆನೊ.

ಆದರೆ ಯುವಕ ಬಸಾಯೆವ್‌ನಲ್ಲಿ ಜಿಹಾದಿನ ಸುಳಿವೇ ಇರಲಿಲ್ಲ. ಮಾಸ್ಕೋಗೆ ಹೋಗಿ ಭೂ ನಿರ್ವಹಣೆಯ ಎಂಜಿನಿಯರಿಂಗ್ ಕಾಲೇಜು ಸೇರಿದ. ಓದು ತಲೆಗೆ ಹತ್ತಲಿಲ್ಲ, 1988ರಲ್ಲಿ ಹೊರಗೆ ಹಾಕಿದರು. ಆಮೇಲೆ ಕಂಪ್ಯೂಟರ್ ಮಾರಿಕೊಂಡಿದ್ದ. ಅವನು ಮೆಚ್ಚುತ್ತಿದ್ದದ್ದು ಚೆ ಗುವೆರಾನನ್ನು. 1991ರ ನವೆಂಬರಿನಲ್ಲಿ, ಸ್ವತಂತ್ರ ಅಂತ ಘೋಷಿಸಿಕೊಂಡಿದ್ದ ಚೆಚೆನ್ಯಾದಲ್ಲಿ ರಷ್ಯಾ ಅಧ್ಯಕ್ಷ ಯೆಲ್ತ್ಸಿನ್ ತುರ್ತು ಪರಿಸ್ಥಿತಿ ಹೇರಿದಾಗ, ಅದನ್ನು ಜಗತ್ತಿಗೆ ತಿಳಿಸಬೇಕು ಅಂತ ಸಂಗಡಿಗರ ಜೊತೆ ವಿಮಾನ ಅಪಹರಿಸಿ ಟರ್ಕಿಗೆ ಒಯ್ದ. ಪ್ರಯಾಣಿಕರಿಗೆ ಏನೂ ಆಗಲಿಲ್ಲ. ಮುಂದೆ, ಜಾರ್ಜಿಯಾದಿಂದ ಬೇರೆಯಾಗಲು ಹೊರಟಿದ್ದ ಅಬ್ಖಾಜಿಯಾದಲ್ಲಿ ಜಾರ್ಜಿಯಾ ವಿರುದ್ಧ ಹೋರಾಡಿದ. ಅದು ಧರ್ಮಯುದ್ಧ ಅಲ್ಲವೇ ಅಲ್ಲ. ಅಬ್ಖಾಜರಲ್ಲಿ ಕ್ರೈಸ್ತರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ, ಮೇಲಾಗಿ ಅವರ ಬೆನ್ನಿಗೆ ಇದ್ದದ್ದೇ ರಷ್ಯಾದ ಸೈನ್ಯ.

1994ರ ಡಿಸೆಂಬರಿನಲ್ಲಿ ರಷ್ಯಾ ಚೆಚೆನ್ಯಾಕ್ಕೆ ನುಗ್ಗಿತು. ರಾಜಧಾನಿ ಗ್ರೋಜ್ನಿಯನ್ನು ಬಾಂಬು ಹಾಕಿ ನೆಲಸಮ ಮಾಡಿತು. 1995ರ ಜೂನ್ ಮೊದಲ ವಾರದಲ್ಲಿ ಬಸಾಯೆವ್ ಕುಟುಂಬದ ಮನೆ ಮೇಲೆ ಬಾಂಬು ಬಿದ್ದು 11 ಜನ ಸತ್ತರು. ಆ ಮನೆಯ ದುಃಖವನ್ನು ನಾನು ಸಣ್ಣದು ಮಾಡಿ ಹೇಳಲಾರೆ.

ಎರಡು ವಾರ ಕಳೆಯುವಷ್ಟರಲ್ಲಿ ಅವನು ಬುದ್ಯೊನೊವ್‌ಸ್ಕ್ ಅನ್ನೋ ರಷ್ಯನ್ ಪಟ್ಟಣಕ್ಕೆ ಹೋದ. ಸೈನಿಕರ ಹೆಣ ಸಾಗಿಸುವ ಲಾರಿಗಳು ಅಂತ ನಂಬಿಸಿ, ಚೆಕ್‌ಪೋಸ್ಟುಗಳಲ್ಲಿ ಲಂಚ ಕೊಟ್ಟು ದಾಟಿದೆವು ಅಂತ ಆಮೇಲೆ ಅವನೇ ಹೇಳಿದ್ದ. ಅಲ್ಲಿನ ಆಸ್ಪತ್ರೆಗೆ ನುಗ್ಗಿ ಒಂದೂವರೆ ಸಾವಿರದಷ್ಟು ಜನರನ್ನು ಒತ್ತೆ ಇಟ್ಟುಕೊಂಡ. ಹಾಸಿಗೆ ಹಿಡಿದ ರೋಗಿಗಳು, ಹೆರಿಗೆ ವಾರ್ಡಿನ ಹೆಂಗಸರು. 120ಕ್ಕೂ ಹೆಚ್ಚು ಜನ ಸತ್ತರು. ಕೊನೆಗೆ ರಷ್ಯಾ ಪ್ರಧಾನಿ ಚೆರ್ನೊಮಿರ್ದಿನ್ ಫೋನಿನಲ್ಲಿ ಅವನ ಜೊತೆ ಮಾತಾಡಿದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಕದನ ವಿರಾಮ ಒಪ್ಪಿಕೊಂಡರು. ಅವನು ಬಸ್ಸಿನಲ್ಲಿ ಕೂತು ಊರಿಗೆ ವಾಪಸ್ ಬಂದ, ಜನ ವೀರನ ಹಾಗೆ ಬರಮಾಡಿಕೊಂಡರು.

ನನ್ನ ಪ್ರಕಾರ ಅವನ ದಾರಿ ಕೆಟ್ಟಿದ್ದು ಅಲ್ಲೇ. ನಿರಾಯುಧ ಜನರನ್ನು ಹಿಡಿದಿಟ್ಟುಕೊಂಡರೆ ದೊಡ್ಡ ಸರ್ಕಾರವೂ ಬಗ್ಗುತ್ತದೆ ಅಂತ ಅವನು ಕಲಿತುಬಿಟ್ಟ. ಕಲಿತದ್ದನ್ನು ಕೊನೆಯವರೆಗೂ ಬಿಡಲಿಲ್ಲ.

ಬಿಡುವುದಕ್ಕೆ ಅವಕಾಶ ಸಿಕ್ಕಿತ್ತು, ಅದನ್ನು ಜನ ಮರೆಯುತ್ತಾರೆ. 1996ರ ಆಗಸ್ಟಿನಲ್ಲಿ ಚೆಚೆನ್ನರು ಗ್ರೋಜ್ನಿಯನ್ನು ಮತ್ತೆ ಹಿಡಿದರು, ಖಸಾವ್ಯೂರ್ತ್ ಒಪ್ಪಂದವಾಗಿ ರಷ್ಯಾ ಸೈನ್ಯ ವಾಪಸ್ ಹೋಯಿತು. 1997ರ ಜನವರಿಯಲ್ಲಿ ಚೆಚೆನ್ಯಾದಲ್ಲಿ ಅಧ್ಯಕ್ಷರ ಚುನಾವಣೆ ನಡೆಯಿತು. ಮಾತುಕತೆಗೆ ಒಲವಿದ್ದ ಮಸ್ಖಾದೊವ್‌ಗೆ ಶೇ. 59ರಷ್ಟು ಮತ, ಬಸಾಯೆವ್‌ಗೆ ಶೇ. 23ರಷ್ಟು. ತಮಗೆ ಬೇಕಾದ್ದು ಯಾರು ಅಂತ ಜನ ಸ್ಪಷ್ಟವಾಗೇ ಹೇಳಿದ್ದರು, ಅಲ್ವಾ? 1998ರಲ್ಲಿ ಬಸಾಯೆವ್ ಕೆಲವು ತಿಂಗಳು ಚೆಚೆನ್ಯಾದ ಪ್ರಧಾನಿಯಾಗಿಯೂ ಇದ್ದ, ಆಡಳಿತ ಕೈ ಹಿಡಿಯಲಿಲ್ಲ. ದುಡ್ಡಿಗಾಗಿ ಜನರನ್ನು ಅಪಹರಿಸುವುದೇ ಆ ನಾಡಿನಲ್ಲಿ ಒಂದು ದಂಧೆ ಆಗಿಹೋಗಿತ್ತು.

ಧರ್ಮದ ಹೆಸರು ಜೋರಾಗಿದ್ದು ಈ ಹೊತ್ತಿನಲ್ಲಿ. ಚೆಚೆನ್ನರ ಇಸ್ಲಾಂ ಸೂಫಿ ಪರಂಪರೆಯದು. ಸಂತರ ಸಮಾಧಿಗೆ ಹೋಗುತ್ತಾರೆ, ಗಂಡಸರು ಸುತ್ತು ಕಟ್ಟಿ ಹೆಜ್ಜೆ ಹಾಕುತ್ತಾ ಜಿಕ್ರ್ (ದೇವರ ನಾಮಸ್ಮರಣೆ) ಹೇಳುತ್ತಾರೆ. ಸೌದಿಯಿಂದ ಬಂದ ಖತ್ತಾಬ್ ಮತ್ತವನ ಸಂಗಡಿಗರಿಗೆ ಇದೆಲ್ಲ ಧರ್ಮಕ್ಕೆ ವಿರುದ್ಧ. ಅವರ ಹತ್ತಿರ ದುಡ್ಡಿತ್ತು, ತರಬೇತಿ ಶಿಬಿರಗಳಿದ್ದವು. ಬಸಾಯೆವ್ ಅವರ ಕಡೆ ವಾಲಿದ. 1999ರ ಆಗಸ್ಟಿನಲ್ಲಿ ಖತ್ತಾಬ್ ಜೊತೆ ಸೇರಿ ಪಕ್ಕದ ದಾಗೆಸ್ತಾನಕ್ಕೆ ನುಗ್ಗಿದ. ಅಲ್ಲಿಯವರೂ ಮುಸ್ಲಿಮರೇ, ಸ್ವಾಗತಿಸುತ್ತಾರೆ ಅಂದುಕೊಂಡಿದ್ದ. ಆ ಬೆಟ್ಟದ ಹಳ್ಳಿಗಳ ಜನ ಮನೆಯಲ್ಲಿದ್ದ ಕೋವಿ ಹಿಡಿದು ಇವನ ವಿರುದ್ಧವೇ ನಿಂತರು. ರಷ್ಯಾಕ್ಕೆ ಎರಡನೇ ಯುದ್ಧಕ್ಕೆ ಕಾರಣ ಸಿಕ್ಕಿತು. ಮಸ್ಖಾದೊವ್ ಜೋಪಾನ ಮಾಡಿಕೊಂಡು ಬಂದಿದ್ದೆಲ್ಲ ಕೈಬಿಟ್ಟು ಹೋಯಿತು.

2000ದ ಚಳಿಗಾಲದಲ್ಲಿ ಗ್ರೋಜ್ನಿಯಿಂದ ತಪ್ಪಿಸಿಕೊಳ್ಳುವಾಗ ನೆಲಬಾಂಬು ತುಳಿದು ಪಾದ ಛಿದ್ರವಾಯಿತು. ಅದನ್ನು ಕತ್ತರಿಸಿದ ವಿಡಿಯೊ ಇದೆ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದಾರೆ, ಅವನು ಎಚ್ಚರವಾಗಿಯೇ ಮಲಗಿದ್ದಾನೆ. ಈ ದೃಶ್ಯ ನೋಡಿದ ಎಷ್ಟೋ ಹುಡುಗರು ಅವನನ್ನು ವೀರ ಅಂತ ಎದೆಗೆ ಹಚ್ಚಿಕೊಂಡರು. ನೋವು ತಡೆದುಕೊಳ್ಳುವ ಶಕ್ತಿ ಅವನಲ್ಲಿತ್ತು, ನಿಜ. ಆದರೆ ಅದೇ ಮನುಷ್ಯ 2002ರಲ್ಲಿ ಮಾಸ್ಕೋದ ದುಬ್ರೊವ್ಕಾ ರಂಗಮಂದಿರದಲ್ಲಿ 800ಕ್ಕೂ ಹೆಚ್ಚು ಜನರನ್ನು ಒತ್ತೆ ಇಡಿಸಿದ. ಆಮೇಲೆ ಬೆಸ್ಲಾನ್.

2004ರ ಸೆಪ್ಟೆಂಬರ್ 1, ಶಾಲೆ ಶುರುವಾಗುವ ದಿನ. ರಷ್ಯಾದಲ್ಲಿ ಆ ದಿನ ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು, ಟೀಚರಿಗೆ ಹೂವು ಹಿಡಿದು ಹೋಗುತ್ತಾರೆ. ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಜೊತೆಗಿರುತ್ತಾರೆ. ಹಾಗೆ ಬಂದ 1,100ಕ್ಕೂ ಹೆಚ್ಚು ಜನರನ್ನು ಶಾಲೆಯೊಳಗೆ ಕೂಡಿಹಾಕಿದರು. ಬಹುಪಾಲು ಜನರನ್ನು ತುರುಕಿದ್ದು ಆಟದ ಹಾಲಿಗೆ. ಬ್ಯಾಸ್ಕೆಟ್‌ಬಾಲ್ ಬಳೆಗೆ ಬಾಂಬು ಕಟ್ಟಿದರು. ಕುಡಿಯಲು ನೀರು ಕೊಡಲಿಲ್ಲ. ಸೆಕೆ ತಡೆಯಲಾರದೆ ಮಕ್ಕಳು ಅಂಗಿ ಬಿಚ್ಚಿ ಕೂತಿದ್ದವು. ಮೂರನೇ ದಿನ ಎಲ್ಲ ಮುಗಿದಾಗ ಸತ್ತವರು 334, ಅದರಲ್ಲಿ 186 ಮಕ್ಕಳು. ಬಸಾಯೆವ್ ಅಲ್ಲಿರಲಿಲ್ಲ. ಇದು ತನ್ನದೇ ಕೆಲಸ ಅಂತ ಆಮೇಲೆ ಹೇಳಿಕೆ ಕೊಟ್ಟ. ಅವನದೇ ನಾಡಿನ ಮಸ್ಖಾದೊವ್ ಇದನ್ನು ಖಂಡಿಸಿದರು. ಸುಟ್ಟುಹೋದ ಆ ಹಾಲನ್ನು ಇಂದಿಗೂ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಹೋದವರು ಹೂವಿನ ಜೊತೆ ನೀರಿನ ಬಾಟಲಿ ಇಟ್ಟು ಬರುತ್ತಾರೆ.

ಹಾಗಾಗಿ ನನ್ನ ಉತ್ತರ ಇಷ್ಟು: ಚೆಚೆನ್ನರ ನೋವು ನಿಜ, ಅವರ ಬೇಡಿಕೆಗೂ ಅರ್ಥವಿತ್ತು. ಬಸಾಯೆವ್ ಮಾಡಿದ್ದು ಭಯೋತ್ಪಾದನೆ. ಒಂದನ್ನು ಒಪ್ಪಿಕೊಳ್ಳಲು ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ.

ಪ್ರಶ್ನೆ: ಬೆಸ್ಲಾನ್‌ನಲ್ಲಿ ಅಷ್ಟು ಜನ ಸಾಯಲು ರಷ್ಯಾ ಸೈನ್ಯವೂ ಕಾರಣ ಅಂತ ಓದಿದ್ದೆ. ಹೌದಾ?
(ಓದುಗರೊಬ್ಬರು, ಉಡುಪಿ)

ಉತ್ತರ: ಹೌದು. ದಾಳಿಯ ಬಗ್ಗೆ ಮೊದಲೇ ಮಾಹಿತಿ ಇದ್ದರೂ ಸರ್ಕಾರ ತಡೆಯಲಿಲ್ಲ, ಒಳಗೆ ಒತ್ತೆಯಾಳುಗಳಿರುವಾಗಲೇ ಟ್ಯಾಂಕ್ ಮತ್ತು ಗ್ರೆನೇಡ್ ಲಾಂಚರ್ ಬಳಸಿತು ಅಂತ 2017ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟಿದೆ. ಅಲ್ಲಿಗೆ ದೂರು ಒಯ್ದವರು ಬದುಕುಳಿದವರು ಮತ್ತು ಸತ್ತವರ ಮನೆಯವರು. ಇದರಿಂದ ಬಸಾಯೆವ್‌ನ ತಪ್ಪು ಒಂದು ಗುಲಗಂಜಿಯಷ್ಟೂ ಕಡಿಮೆ ಆಗುವುದಿಲ್ಲ. ಆದರೆ ಆ ತಾಯಂದಿರಿಗೆ ಪೂರ್ತಿ ಸತ್ಯ ಸಿಗಬೇಕಿತ್ತು.

ಪ್ರಶ್ನೆ: ಅವನು ಸತ್ತಿದ್ದು ಹೇಗೆ? ಈಗ ಚೆಚೆನ್ಯಾ ಹೇಗಿದೆ?
(ಓದುಗರೊಬ್ಬರು, ಮೈಸೂರು)

ಉತ್ತರ: 2006ರ ಜುಲೈ 10ರಂದು, ಇಂಗುಷೆತಿಯಾದ ಎಕಾಜೆವೊ ಹಳ್ಳಿಯ ಹತ್ತಿರ, ಸ್ಫೋಟಕ ತುಂಬಿದ್ದ ಲಾರಿ ಸಿಡಿದು ಸತ್ತ. ಆಗ ಅವನಿಗೆ 41 ವರ್ಷ. ತಮ್ಮದೇ ಗುಪ್ತ ಕಾರ್ಯಾಚರಣೆ ಅಂತ ರಷ್ಯಾ ಹೇಳಿತು. ಆಕಸ್ಮಿಕ ಸ್ಫೋಟ ಅಂತ ಅವನ ಕಡೆಯವರು ಹೇಳಿದರು.

ಮರುವರ್ಷ ಬಂಡುಕೋರರ ನಾಯಕ ಉಮಾರೊವ್ ಚೆಚೆನ್ ಗಣರಾಜ್ಯದ ಹೆಸರನ್ನೇ ಕೈಬಿಟ್ಟು 'ಕಾಕಸಸ್ ಎಮಿರೇಟ್' ಘೋಷಿಸಿದ. ಸ್ವತಂತ್ರ ಚೆಚೆನ್ಯಾ ಅನ್ನೋ ಬೇಡಿಕೆ ಬಂಡುಕೋರರ ಬಾಯಿಂದಲೂ ಹೋಯಿತು. ಗ್ರೋಜ್ನಿಯಲ್ಲಿ ಈಗ ಎತ್ತರದ ಕಟ್ಟಡಗಳು, ದೊಡ್ಡ ಮಸೀದಿ, ಅಗಲವಾದ ರಸ್ತೆಗಳಿವೆ. ಆ ಮಸೀದಿಗೂ, ನಗರದ ಮುಖ್ಯ ರಸ್ತೆಯೊಂದಕ್ಕೂ ಅಖ್ಮದ್ ಕದಿರೊವ್ ಹೆಸರಿದೆ. ಮಾಸ್ಕೋ ಪರ ಇದ್ದ ಆ ಅಧ್ಯಕ್ಷರನ್ನು 2004ರ ಮೇ 9ರಂದು ಗ್ರೋಜ್ನಿಯ ಸ್ಟೇಡಿಯಂನಲ್ಲಿ ಬಾಂಬಿಟ್ಟು ಕೊಲ್ಲಲಾಗಿತ್ತು. ಕೊಲ್ಲಿಸಿದ್ದು ತಾನೇ ಅಂತ ಬಸಾಯೆವ್ ಹೇಳಿಕೊಂಡಿದ್ದ. 2007ರಲ್ಲಿ ಅಧಿಕಾರಕ್ಕೆ ಬಂದಿದ್ದು ಅವರ ಮಗ ರಮ್ಜಾನ್.