ಮಗುವಿನ ಹಳೇ ಫೈಲ್ ಹೊಸ ಡಾಕ್ಟ್ರ ಕೈ ಸೇರೋದು ಹೇಗೆ?

ಪ್ರಶ್ನೆ: ನಾವು ಎರಡು ತಿಂಗಳ ಹಿಂದೆ ಬೇರೆ ಊರಿಗೆ ಬಂದ್ವಿ. ಮಗಳಿಗೆ ನಾಲ್ಕು ವರ್ಷ, ಹುಟ್ಟಿದಾಗಿಂದ ಒಬ್ರೇ ಡಾಕ್ಟ್ರು ನೋಡ್ತಿದ್ರು. ದಿನ ತುಂಬೋಕೆ ಮುಂಚೆನೇ ಹುಟ್ಟಿದ್ಲು, ಆಮೇಲೆ ಒಂದ್ಸಲ ಜ್ವರದಲ್ಲಿ ಫಿಟ್ಸ್ ಕೂಡ ಬಂದಿತ್ತು. ಹೊಸ ಡಾಕ್ಟ್ರು ಹಳೇ ರೆಕಾರ್ಡ್ಸ್ ಎಲ್ಲಾ ತರಿಸಿ ಅಂದಿದಾರೆ. ಹಳೇ ಕ್ಲಿನಿಕ್‌ಗೆ ಫೋನ್ ಮಾಡಿದ್ರೆ ಕಳಿಸ್ತೀವಿ ಕಳಿಸ್ತೀವಿ ಅಂತಾರೆ, ಮೂರು ವಾರ ಆಯ್ತು. ಜಾಸ್ತಿ ಒತ್ತಾಯ ಮಾಡೋಕೆ ಸಂಕೋಚ, ಅಷ್ಟು ಚೆನ್ನಾಗಿ ನೋಡ್ಕೊಂಡ ಡಾಕ್ಟ್ರಿಗೆ ಬೇಜಾರಾಗ್ಬಾರ್ದಲ್ವಾ. ಏನೇನು ಕೇಳ್ಬೇಕು, ಹೇಗೆ ಕೇಳ್ಬೇಕು?

ಉತ್ತರ: ಮೊದ್ಲು ಆ ಸಂಕೋಚ ಬಿಡಿ, ಯಾಕಂದ್ರೆ ತುಂಬಾ ಅಪ್ಪ ಅಮ್ಮಂದ್ರು ಸಿಕ್ಕಿಹಾಕ್ಕೊಳ್ಳೋದೇ ಇಲ್ಲಿ. ನಾನೂ ಮಕ್ಕಳ ಡಾಕ್ಟ್ರೇ, ನನ್ನ ಹತ್ರ ಬರ್ತಿದ್ದ ಎಷ್ಟೋ ಮಕ್ಕಳು ಬೇರೆ ಕಡೆ ಹೋಗಿದಾರೆ, ಫೈಲ್ ಕೊಡಿ ಅಂತ ಕೇಳಿದ್ರೆ ನಂಗೆ ಬೇಜಾರಾಗಲ್ಲ, ಕೇಳದೇ ಹೋದ್ರೇನೇ ಚಿಂತೆ ಆಗೋದು, ಈ ಮಗುನ ನೋಡೋ ಮುಂದಿನವ್ರಿಗೆ ಏನೂ ಗೊತ್ತಿರಲ್ವಲ್ಲಾ ಅಂತ. ‘ನಾವು ಊರು ಬಿಟ್ವಿ ಡಾಕ್ಟ್ರೇ, ಇಷ್ಟು ವರ್ಷ ನೋಡ್ಕೊಂಡಿದೀರಿ, ಹೊಸಬ್ರಿಗೂ ನೀವೇ ಒಂದು ಲೆಟರ್ ಬರ್ಕೊಟ್ರೆ ಧೈರ್ಯ’ ಅಂತ ಹೇಳಿ, ಸಾಕು.

ಇನ್ನು ಆ ಮೂರು ವಾರ. ಕಳಿಸ್ತೀವಿ ಅಂದಿದ್ದು ಯಾರು? ಬಹುಶಃ ರಿಸೆಪ್ಷನ್‌ನಲ್ಲಿ ಫೋನ್ ತಗೊಂಡವ್ರು. ಫೋನಲ್ಲಿ ಕೇಳಿದ್ದು ಆ ದಿನದ ಗಲಾಟೆಯಲ್ಲಿ ಮರ್ತೇ ಹೋಗತ್ತೆ, ಅದ್ರಲ್ಲಿ ಯಾರ್ದೂ ಕೆಟ್ಟ ಉದ್ದೇಶ ಇರಲ್ಲ. ಅದಕ್ಕೇ ಬರ್ದು ಕೊಡಿ. ಒಂದು ಪುಟದ ಪತ್ರ ಅಥವಾ ಇಮೇಲ್ ಸಾಕು, ಅದ್ರಲ್ಲಿ ಮಗುವಿನ ಪೂರ್ತಿ ಹೆಸರು, ಹುಟ್ಟಿದ ದಿನ, ಯಾವಾಗಿಂದ ಯಾವಾಗಿನ ತನಕದ ದಾಖಲೆ ಬೇಕು, ಯಾರಿಗೆ ಕಳಿಸ್ಬೇಕು, ನೀವು ಮಗುವಿಗೆ ಏನಾಗ್ಬೇಕು, ಕೆಳಗೆ ಸೈನು, ತಾರೀಖು. ಕೈಯಲ್ಲಿ ಕೊಟ್ರೆ ಒಂದು ಕಾಪಿ ಮೇಲೆ ‘ಬಂದಿದೆ’ ಅಂತ ಸೀಲ್ ಹಾಕಿಸ್ಕೊಳ್ಳಿ. ಫೈಲ್‌ನ ಮೂಲ ಪ್ರತಿ ಕ್ಲಿನಿಕ್‌ನಲ್ಲೇ ಉಳಿಯತ್ತೆ, ಅದನ್ನ ಕೊಟ್ಬಿಡಿ ಅಂತ ಕೇಳೋಕಾಗಲ್ಲ, ಆದ್ರೆ ಅದ್ರ ಪ್ರತಿ ಕೇಳೋದು ನಿಮ್ಮ ಹಕ್ಕು. ಎಷ್ಟೋ ಕಡೆ ಇದಕ್ಕೆ ಗಡುವೇ ಇದೆ, ಅಮೆರಿಕದಲ್ಲಿ ಸಾಮಾನ್ಯವಾಗಿ 30 ದಿನ, ಯುರೋಪಿನ ಜಿಡಿಪಿಆರ್ ಅನ್ನೋ ಖಾಸಗಿ ಮಾಹಿತಿ ಕಾನೂನಿನ ಪ್ರಕಾರ ಒಂದು ತಿಂಗಳು, ಭಾರತದಲ್ಲಿ ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದಲ್ಲಿ 72 ಗಂಟೆ.

ನಾನು ಎಲ್ರಿಗೂ ಒತ್ತಿ ಹೇಳೋದು ಒಂದೇ ಮಾತು, ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಹೋಗ್ಲಿ ಅಂತ ಕಾಯ್ತಾ ಕೂರ್ಬೇಡಿ, ಒಂದು ಸೆಟ್ ನಿಮ್ಮ ಕೈಗೇ ಬರ್ಲಿ. ಅವ್ರು ಕಳಿಸಿದ್ದು ಇವ್ರಿಗೆ ಬಂದು, ಯಾವ್ದೋ ಇಮೇಲ್‌ನಲ್ಲಿ ಕೂತು, ನಿಮ್ಮ ಮಗಳ ಹೆಸರಿಗೆ ಸೇರದೆ ಹೋಗೋದು ನಾನು ಬೇಕಾದಷ್ಟು ನೋಡಿದೀನಿ. ನಿಮ್ಮ ಹತ್ರ ಇದ್ರೆ ಯಾವ ಡಾಕ್ಟ್ರ ಮುಂದೆ ಬೇಕಾದ್ರೂ ಇಡಬಹುದು, ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿಗೆ ಓಡಿದಾಗ್ಲೂ.

ಈಗ ಏನೇನು ಕೇಳ್ಬೇಕು ಅನ್ನೋದು. ಒಂದು ಪುಟದ ಸಮ್ಮರಿ ಕೊಟ್ಟು ಕಳಿಸ್ತಾರೆ, ಅದನ್ನ ಬೇಡ ಅನ್ಬೇಡಿ, ಆದ್ರೆ ಅಷ್ಟಕ್ಕೇ ಸುಮ್ನಾಗ್ಬೇಡಿ. ನಿಮ್ಮ ಮಗಳ ವಿಷಯದಲ್ಲಿ ಹುಟ್ಟಿದಾಗಿನ ಡಿಸ್ಚಾರ್ಜ್ ಸಮ್ಮರಿ ಎಲ್ಲಕ್ಕಿಂತ ಮುಖ್ಯ, ಎಷ್ಟು ವಾರಕ್ಕೆ ಹುಟ್ಟಿದ್ಲು, ತೂಕ ಎಷ್ಟು, ಆಕ್ಸಿಜನ್ ಎಷ್ಟು ದಿನ ಬೇಕಾಯ್ತು, ಕಾಮಾಲೆಗೆ ಲೈಟ್ ಕೆಳಗೆ ಇಟ್ಟಿದ್ರಾ, ಕಿವಿ ಟೆಸ್ಟ್ ಆಯ್ತಾ, ಕಣ್ಣಿನ ರೆಟಿನಾ ನೋಡಿದ್ರಾ, ಇದೆಲ್ಲಾ ಇರೋದು ಅದ್ರಲ್ಲೇ. ಅದು ಕ್ಲಿನಿಕ್‌ನಲ್ಲಿ ಸಿಗ್ದೇ ಇರಬಹುದು, ಹೆರಿಗೆ ಆದ ಆಸ್ಪತ್ರೆಯಲ್ಲಿ ಕೇಳ್ಬೇಕು, ಅಲ್ಲಿ ಮಗಳ ಹೆಸರು ಹೇಳಿದ್ರೆ ಇಲ್ಲ ಅಂದ್ಬಿಡ್ತಾರೆ, ಯಾಕಂದ್ರೆ ಹುಟ್ಟಿದ ದಿನ ಅವಳಿಗೆ ಇನ್ನೂ ಹೆಸರೇ ಇರಲಿಲ್ಲ! ತುಂಬಾ ಕಡೆ ‘ಬೇಬಿ ಆಫ್’ ಅಂತ ಅಮ್ಮನ ಹೆಸರಲ್ಲಿ ಫೈಲ್ ಮಾಡಿರ್ತಾರೆ. ಅಮ್ಮನ ಹೆಸರು, ಹೆರಿಗೆ ತಾರೀಖು ಹೇಳಿ ಹುಡುಕ್ಸಿ.

ಆಮೇಲೆ ಗ್ರೋತ್ ಚಾರ್ಟ್. ಜನ ಇದನ್ನ ಅಷ್ಟು ಲೆಕ್ಕಕ್ಕೆ ತಗೊಳ್ಳಲ್ಲ, ನಂಗಂತೂ ಇದೇ ಮೊದ್ಲು ಬೇಕು. ಇವತ್ತು ತೂಕ ಹಾಕಿದ್ರೆ ಸಿಗೋದು ಒಂದು ಚುಕ್ಕಿ ಅಷ್ಟೇ, ಒಂದು ಚುಕ್ಕಿ ನೋಡಿ ಏನೂ ಹೇಳೋಕಾಗಲ್ಲ. ಸಣ್ಣಗಿದ್ರೂ ಮೊದಲಿಂದ 15ನೇ ಪರ್ಸೆಂಟೈಲ್ ಗೆರೆ (ಅಂದ್ರೆ ಅದೇ ವಯಸ್ಸಿನ 100 ಮಕ್ಕಳಲ್ಲಿ ಸುಮಾರು 15 ಮಕ್ಕಳ ತೂಕ ಇದಕ್ಕಿಂತ ಕಡಿಮೆ) ಹಿಡ್ಕೊಂಡೇ ಬಂದಿರೋ ಮಗು ಸಾಮಾನ್ಯವಾಗಿ ಚೆನ್ನಾಗೇ ಇರತ್ತೆ, ಅದೇ ಎರಡು ವರ್ಷದ ಹಿಂದೆ 75ರಲ್ಲಿದ್ದು ಈಗ 15ಕ್ಕೆ ಇಳಿದಿದ್ರೆ ಏನೋ ಇದೆ ಅಂತ ಹುಡುಕ್ಬೇಕು, ಇವತ್ತಿನ ತೂಕ ಮಾತ್ರ ಇಬ್ರದ್ದೂ ಒಂದೇ. ಹಾಗಾಗಿ ತೂಕ, ಎತ್ತರ, ಚಿಕ್ಕವಳಿದ್ದಾಗಿನ ತಲೆ ಸುತ್ತಳತೆ, ಎಲ್ಲಾ ತಾರೀಖಿನ ಜೊತೆ ಬೇಕು. ನಿಮ್ಮ ಮಗಳು ದಿನ ತುಂಬದೆ ಹುಟ್ಟಿದ್ದು ಅನ್ನೋದು ಹೊಸಬ್ರಿಗೆ ಗೊತ್ತಾಗ್ದಿದ್ರೆ ಆ ಮೊದಲ ಎರಡು ವರ್ಷದ ಚುಕ್ಕಿಗಳನ್ನ ತಪ್ಪಾಗಿ ಓದ್ತಾರೆ, ಅಂಥ ಮಕ್ಕಳಿಗೆ ಎರಡು ವರ್ಷದ ತನಕ ಎಷ್ಟು ವಾರ ಮುಂಚೆ ಹುಟ್ಟಿದ್ರೋ ಅಷ್ಟನ್ನ ವಯಸ್ಸಲ್ಲಿ ಕಳೆದು ನೋಡ್ಬೇಕು.

ಫಿಟ್ಸ್ ಬಗ್ಗೆ ‘ಜ್ವರದಲ್ಲಿ ಫಿಟ್ಸ್’ ಅಂತ ಒಂದು ಸಾಲು ಬರ್ದಿದ್ರೆ ಸಾಲಲ್ಲ. ಎಷ್ಟು ನಿಮಿಷ ಇತ್ತು, ಮೈ ಪೂರ್ತಿ ಅದುರ್ತಾ ಇತ್ತಾ ಇಲ್ಲ ಒಂದೇ ಕಡೆನಾ, 24 ಗಂಟೆಯಲ್ಲಿ ಒಂದೇ ಸಲನಾ. 15 ನಿಮಿಷದೊಳಗೆ, ಮೈ ಪೂರ್ತಿ, ದಿನಕ್ಕೆ ಒಂದೇ ಸಲ ಅಂದ್ರೆ ಅದು ಸಾದಾ ಥರದ್ದು, ಅದು ಬಿಟ್ಟು ಬೇರೆ ಥರ ಇದ್ರೆ ಡಾಕ್ಟ್ರು ಯೋಚ್ನೆ ಮಾಡೋ ರೀತಿನೇ ಬೇರೆ. ಇಷ್ಟು ವಿವರ ಫೈಲಲ್ಲಿ ಇಲ್ದಿದ್ರೆ, ನಿಮಗೆ ನೆನಪಿರೋವಾಗ್ಲೇ ನೀವೇ ಒಂದು ಹಾಳೆಯಲ್ಲಿ ಬರ್ದಿಡಿ.

ಅಲರ್ಜಿಗೂ ಇದೇ ಮಾತು. ಯಾವ ಔಷಧಿ, ಕೊಟ್ಟ ಎಷ್ಟು ಹೊತ್ತಿಗೆ, ಏನಾಯ್ತು, ದದ್ದಾ, ಮುಖ ಊದಿತ್ತಾ, ಉಸಿರಾಟಕ್ಕೆ ಕಷ್ಟ ಆಯ್ತಾ, ಬರೀ ವಾಂತಿನಾ. ಪೆನಿಸಿಲಿನ್ ಅಲರ್ಜಿ ಅಂತ ಹೇಳ್ಕೊಂಡು ಬರೋ 10 ಜನರಲ್ಲಿ ಸುಮಾರು 9 ಜನಕ್ಕೆ ಸರಿಯಾಗಿ ಟೆಸ್ಟ್ ಮಾಡಿದಾಗ ಅಲರ್ಜಿ ಇರೋದೇ ಇಲ್ಲ, ಮಕ್ಕಳಲ್ಲಂತೂ ವೈರಸ್ ಜ್ವರದ ದದ್ದನ್ನೇ ಔಷಧಿ ದದ್ದು ಅಂದ್ಕೊಂಡಿರ್ತಾರೆ, ಆಮೇಲೆ ಆ ಒಂದು ಪದ ಮಗುವಿನ ಜೊತೆ ಜೀವನಪೂರ್ತಿ ಬರತ್ತೆ, ಒಳ್ಳೇ ಔಷಧಿ ಇದ್ರೂ ಕೊಡೋಕಾಗಲ್ಲ.

ದಿನಾ ತಗೊಳ್ಳೋ ಔಷಧಿ ಏನಾದ್ರೂ ಇದ್ರೆ ಬಾಟ್ಲಿನೇ ತಗೊಂಡು ಹೋಗಿ. ‘5 ಎಂಎಲ್ ಕೊಡ್ತಿದ್ವಿ’ ಅಂದ್ರೆ ನಮಗೆ ಏನೂ ಗೊತ್ತಾಗಲ್ಲ, ಪ್ಯಾರಾಸಿಟಮಾಲ್ ಸಿರಪ್ಪೇ 5 ಎಂಎಲ್‌ಗೆ 120 ಮಿಲಿಗ್ರಾಂ ಇರೋದೂ ಬರತ್ತೆ 250 ಇರೋದೂ ಬರತ್ತೆ, ಚಮಚ ಒಂದೇ ಆದ್ರೂ ಡೋಸ್ ಎರಡರಷ್ಟು.

ಇನ್ನೊಂದು, ಊರು ಬಿಡೋ ಹೊತ್ತಿಗೆ ಯಾವ್ದಾದ್ರೂ ಟೆಸ್ಟ್‌ಗೆ ಕೊಟ್ಟಿದ್ರಾ? ಅದ್ರ ರಿಪೋರ್ಟ್ ಹಳೇ ಡಾಕ್ಟ್ರ ಟೇಬಲ್ ಮೇಲೆ ಬಂದು ಕೂತಿರತ್ತೆ, ಇವ್ರು ನಮ್ಮ ಪೇಷಂಟ್ ಅಲ್ವಲ್ಲಾ ಈಗ ಅಂತ ಅವ್ರು, ನಂಗೆ ಬಂದೇ ಇಲ್ವಲ್ಲಾ ಅಂತ ಹೊಸಬ್ರು. ಲ್ಯಾಬ್‌ಗೇ ನೇರ ಫೋನ್ ಮಾಡಿ ತರಿಸ್ಕೊಳ್ಳಿ.

ಪ್ರಶ್ನೆ: ಒಂದೂವರೆ ವರ್ಷದ ಮಗನ ಲಸಿಕೆ ಕಾರ್ಡ್ ಕಳೆದುಹೋಗಿದೆ, ಹಾಕಿದ ಕ್ಲಿನಿಕ್ ಕೂಡ ಮುಚ್ಚಿದೆ. ಎಲ್ಲಾ ಮತ್ತೆ ಮೊದಲಿಂದ ಚುಚ್ಚಿಸ್ಬೇಕಾ? ನೆನೆಸ್ಕೊಂಡ್ರೇ ಅಳು ಬರತ್ತೆ.

ಉತ್ತರ: ಅಳಬೇಡಿ, ಮೊದ್ಲು ಹುಡುಕಿ. ಕ್ಲಿನಿಕ್ ಮುಚ್ಚಿದ್ರೂ ದಾಖಲೆ ಎಲ್ಲೋ ಇರಬಹುದು, ಡಾಕ್ಟ್ರು ಬೇರೆ ಕಡೆ ಕೂರ್ತಿದ್ರೆ ಅವ್ರ ಹತ್ರ, ಇಲ್ಲಾ ಅವ್ರ ಪೇಷಂಟ್‌ಗಳನ್ನ ವಹಿಸ್ಕೊಂಡವ್ರ ಹತ್ರ. ಮೊದಲ ಡೋಸ್‌ಗಳು ಹೆರಿಗೆ ಆಸ್ಪತ್ರೆಯಲ್ಲೇ ಆಗಿದ್ರೆ ಅಲ್ಲಿಯ ಡಿಸ್ಚಾರ್ಜ್ ಹಾಳೆಯಲ್ಲಿ ಬರ್ದಿರ್ತಾರೆ. ಸರ್ಕಾರದ ಲಸಿಕೆ ರಿಜಿಸ್ಟರ್, ಡೇ ಕೇರ್‌ಗೆ ಸೇರಿಸಿದಾಗ ಕೊಟ್ಟ ಜೆರಾಕ್ಸ್, ಮೊಬೈಲ್‌ಗೆ ಬಂದಿದ್ದ ಮೆಸೇಜ್, ಅಜ್ಜಿಗೆ ಕಳಿಸಿದ್ದ ಫೋಟೋ, ಒಂದನ್ನೂ ಬಿಡ್ಬೇಡಿ.

ಅರ್ಧ ಸಿಕ್ಕಿದ್ರೂ ಒಳ್ಳೇದೇ. ತಾರೀಖಿನ ಸಮೇತ ದಾಖಲೆ ಇರೋ ಡೋಸ್ ಲೆಕ್ಕಕ್ಕೆ ಬರತ್ತೆ, ನಡುವೆ ತಿಂಗಳುಗಟ್ಟಲೆ ಗ್ಯಾಪ್ ಆಗಿದ್ರೂ ಮಗುವಿನ ಮಾಮೂಲಿ ಲಸಿಕೆಗಳನ್ನ ಮೊದಲಿಂದ ಶುರು ಮಾಡ್ಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸ್ತಾರೆ, ದೇಹಕ್ಕೆ ಆ ಹಳೇ ಡೋಸ್ ನೆನಪಿರತ್ತೆ. ‘ಎಲ್ಲಾ ಹಾಕ್ಸಿದೀವಿ ಅನ್ಸತ್ತೆ’ ಅನ್ನೋದನ್ನ ಮಾತ್ರ ನಾವು ಲೆಕ್ಕಕ್ಕೆ ತಗೊಳ್ಳೋಕಾಗಲ್ಲ, ಬೇಜಾರು ಮಾಡ್ಕೋಬೇಡಿ.

ಏನೂ ಸಿಗ್ಲಿಲ್ಲ ಅಂದ್ರೆ ಆಗ ಹಾಕಿಲ್ಲ ಅಂತಾನೇ ಅಂದ್ಕೊಂಡು ವಯಸ್ಸಿಗೆ ತಕ್ಕ ಪಟ್ಟಿ ಮಾಡ್ತಾರೆ. ದಡಾರ, ಪೋಲಿಯೊ, ಹೆಪಟೈಟಿಸ್ ಬಿ ಥರದ್ದು ಒಂದು ಡೋಸ್ ಜಾಸ್ತಿ ಆದ್ರೆ ಸಾಮಾನ್ಯವಾಗಿ ತೊಂದ್ರೆ ಇಲ್ಲ, ಟೆಟನಸ್ ಸೇರಿರೋದು ತುಂಬಾ ಸಲ ಆದ್ರೆ ಚುಚ್ಚಿದ ಜಾಗ ಜೋರಾಗಿ ಊದಬಹುದು, ಅನುಮಾನ ಇದ್ರೆ ರಕ್ತದಲ್ಲಿ ಪ್ರತಿಕಾಯ ನೋಡೋ ಟೆಸ್ಟ್ ಇದೆ, ಕೇಳಿ ನೋಡಿ. ಬಿಸಿಜಿ, ಅಂದ್ರೆ ಕ್ಷಯದ ಲಸಿಕೆ ಹಾಕಿದ್ರೆ ಭುಜದ ಹತ್ರ ಸಣ್ಣ ಕಲೆ ಇರತ್ತೆ, ಅದೂ ಒಂದು ಸುಳಿವು. ಕಲೆ ಇಲ್ಲ ಅಂದಮಾತ್ರಕ್ಕೆ ಹಾಕಿಲ್ಲ ಅಂತಲ್ಲ, ಕೆಲವು ಮಕ್ಕಳಿಗೆ ಕಲೆ ಬೀಳೋದೇ ಇಲ್ಲ.

ಪ್ರಶ್ನೆ: ಎಲ್ಲಾ ರಿಪೋರ್ಟ್ ಫೋನಲ್ಲಿ ಫೋಟೋ ತೆಗೆದಿಟ್ಟಿದೀನಿ, ಅಷ್ಟು ಸಾಲ್ದಾ?

ಉತ್ತರ: ಏನೂ ಇಲ್ದೇ ಇರೋದಕ್ಕಿಂತ ಎಷ್ಟೋ ವಾಸಿ. ಆದ್ರೆ ಪುಟದ ಮೂಲೆ ಕಟ್ ಆಗಿ ಹೆಸರು, ತಾರೀಖು ಕಾಣದೇ ಇರೋ ಫೋಟೋ ನಮ್ಗೆ ಉಪಯೋಗಕ್ಕೆ ಬರಲ್ಲ, ಹಾಗಾಗಿ ಒಂದ್ಸಲ ಎಲ್ಲಾ ತೆಗೆದು ನೋಡಿ. ಎಕ್ಸ್‌ರೇ, ಸ್ಕ್ಯಾನ್‌ಗಳದ್ದು ಫಿಲ್ಮ್‌ನ ಫೋಟೋ ತೆಗೆದ್ರೆ ಸೂಕ್ಷ್ಮ ಏನೂ ಕಾಣಲ್ಲ, ಅದಕ್ಕೆ ಡೈಕಾಮ್ ಫೈಲ್ ಅಂತ ಬರತ್ತೆ, ಸೀಡಿಯಲ್ಲೋ ಲಿಂಕ್‌ನಲ್ಲೋ ಕೊಡ್ತಾರೆ, ಅದನ್ನೇ ಕೇಳಿ, ಲಿಂಕ್ ಆದ್ರೆ ಬಂದ ದಿನವೇ ಇಳಿಸ್ಕೊಳ್ಳಿ, ಕೆಲವಕ್ಕೆ ಅವಧಿ ಮುಗಿದುಹೋಗತ್ತೆ. ಎಲ್ಲಾ ಒಂದೇ ಫೋಲ್ಡರ್‌ಗೆ ಹಾಕಿ ತಾರೀಖಿನ ಪ್ರಕಾರ ಹೆಸರಿಟ್ಟು, ಮನೆಯಲ್ಲಿ ಇನ್ನೊಬ್ರ ಫೋನಲ್ಲೂ ಒಂದು ಕಾಪಿ ಇಡಿ, ಯಾಕಂದ್ರೆ ಮಗುನ ಆಸ್ಪತ್ರೆಗೆ ಕರ್ಕೊಂಡು ಓಡೋದು ಯಾವಾಗ್ಲೂ ನೀವೇ ಆಗಿರಲ್ಲ.